ಮಾಯಾಸೌಧಗಳೂ ಮಹಾನಗರವೂ

ದಾರಿಯನ್ನು ಕಟ್ಟುವುದು ಒಂದು ವಿದ್ಯೆ. ಅನ್ಯರು ಕಟ್ಟಿದ ದಾರಿಯಲ್ಲಿ ತಪ್ಪದೆ ನಡೆಯುವುದು ಇನ್ನೊಂದು ವಿದ್ಯೆ. ಎರಡಕ್ಕೂ ಮಹಾಭಾರತದಲ್ಲಿ ನಿದರ್ಶನವುಂಟು. ಮಯನು ಪಾಂಡವರಿಗಾಗಿ ಕಟ್ಟಿಕೊಟ್ಟ ಸಭೆಯಲ್ಲಿ ದುರ್ಯೋಧನನು ನೆಲವನ್ನು ನೀರೆಂದೂ ನೀರನ್ನು ನೆಲವೆಂದೂ ಭ್ರಮಿಸಿ ನಗೆಗೀಡಾದನು. ಅಭಿಮನ್ಯುವು ಚಕ್ರವ್ಯೂಹವನ್ನು ಹೊಗುವ ಬಗೆಯನ್ನು ಬಲ್ಲವನಾಗಿದ್ದು, ಹೊರಬರುವ ಬಗೆಯನ್ನರಿಯದೆ ಮಡಿದನು. ಈ ಎರಡು ಕಥೆಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು, ವಾಚಕರು ಇಂದು ನಮ್ಮೊಡನೆ ಎರಡು ಸ್ಥಳಗಳಲ್ಲಿ ಸಂಚರಿಸಬೇಕೆಂದು ಕೋರುತ್ತೇವೆ. ಒಂದು, ತರುಣರು ಕಂಪ್ಯೂಟರಿನೊಳಗೆ ತಾವೇ ಕಟ್ಟಿ ಲೋಕಕ್ಕೆ ಹಂಚುತ್ತಿರುವ ಆಟದ ಸೌಧಗಳು; ಇನ್ನೊಂದು, ನಮ್ಮ ಬೆಂಗಳೂರು ನಗರ.

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಾಠಶಾಲೆಯಲ್ಲಿ ಸಂಸ್ಕೃತವನ್ನು ಹೇಳಿಕೊಟ್ಟು ನಿವೃತ್ತರಾದ ನಮಗೆ ಬಂದೂಕಿನ ಆಟಗಳ ಗೊಡವೆಯೇಕೆ ಎಂದು ಕೆಲವರು ಕೇಳಬಹುದು. ಮನೆಯ ಹುಡುಗರು ಯಾವುದರಲ್ಲಿ ಮಗ್ನರಾಗಿರುವರೆಂಬುದನ್ನು ತಿಳಿಯದೆ ಅದನ್ನು ಖಂಡಿಸುವುದಾಗಲಿ ಹೊಗಳುವುದಾಗಲಿ ಹಿರಿಯರಿಗೆ ತಕ್ಕುದಲ್ಲ. ಅದಕ್ಕಾಗಿ ನಾವು ಕೆಲವು ತಿಂಗಳು ನೋಡಿದೆವು, ಕೇಳಿದೆವು. ತಿಳಿದುದನ್ನು ಇಲ್ಲಿ ನಿವೇದಿಸುತ್ತೇವೆ.

ಆಟದ ಹುಟ್ಟು

೧೯೯೩ನೆಯ ಇಸವಿ ಡಿಸೆಂಬರ್ ೧೦ರಂದು ಅಮೆರಿಕದ ಟೆಕ್ಸಾಸ್ ಪ್ರಾಂತದ ‘ಇಡ್ ಸಾಫ್ಟ್‌ವೇರ್’ ಎಂಬ ಸಣ್ಣ ಸಂಸ್ಥೆಯು ‘ಡೂಮ್’ ಎಂಬ ಆಟವನ್ನು ಪ್ರಕಟಿಸಿತು. ಆಟಗಾರನು ತನ್ನ ಕಣ್ಣಿನಿಂದಲೇ ನೋಡುವಂತೆ ಪಡಸಾಲೆ, ಸುರಂಗ, ಅಂಗಳಗಳಲ್ಲಿ ಸಂಚರಿಸುತ್ತ, ಎದುರಾಗುವ ಪಿಶಾಚಿಗಳನ್ನು ಸುಟ್ಟು, ಬೀಗದ ಕೈಗಳನ್ನು ಹುಡುಕಿ, ಹೊರಬಾಗಿಲನ್ನು ಸೇರಬೇಕು. ಇಂಥ ಒಂದೊಂದು ಆವರಣಕ್ಕೂ ‘ಲೆವೆಲ್ಲು’ ಎಂದು ಹೆಸರು. ಮೊದಲಿನ ಒಂಬತ್ತು ಲೆವೆಲ್ಲುಗಳನ್ನು ಯಾರು ಬೇಕಾದರೂ ಪ್ರತಿಮಾಡಿ ಹಂಚಬಹುದೆಂದು ಸಂಸ್ಥೆಯೇ ಅನುಮತಿಯಿತ್ತಿತು.

ಅದಕ್ಕೂ ಮುಂಚೆ ೧೯೯೨ರಲ್ಲಿ ಅದೇ ಸಂಸ್ಥೆಯು ಹೊರಡಿಸಿದ ‘ವುಲ್ಫೆನ್‌ಸ್ಟೈನ್’ ಎಂಬ ಆಟವನ್ನು ಕೆಲವು ಆಟಗಾರರು ಕಷ್ಟಪಟ್ಟು ಬಿಚ್ಚಿ, ಅದರೊಳಗೆ ತಮ್ಮ ಸ್ವಂತ ಗೋಡೆಗಳನ್ನು ಕಟ್ಟಿಕೊಂಡಿದ್ದರು. ಬೇರೊಬ್ಬ ಒಡೆಯನಾಗಿದ್ದರೆ ಕಳ್ಳತನವೆಂದು ಕೂಗಾಡುತ್ತಿದ್ದನೇನೋ. ಸಂಸ್ಥೆಯ ಪ್ರಧಾನ ಶಿಲ್ಪಿಯಾದ ಜಾನ್ ಕಾರ್ಮ್ಯಾಕ್ ಎಂಬಾತನು ಇದನ್ನು ಕಂಡು ಸಂತೋಷಪಟ್ಟನು. ಡೂಮಿನಲ್ಲಿ ಆಟವನ್ನು ನಡೆಸುವ ಯಂತ್ರಭಾಗವನ್ನೂ, ಗೋಡೆ ಚಿತ್ರ ಧ್ವನಿಗಳಿರುವ ಸಾಮಗ್ರಿಯನ್ನೂ ಬೇರೆ ಬೇರೆಯಾಗಿ ಇಟ್ಟನು. ಸಾಮಗ್ರಿಯ ಆ ಕಡತಕ್ಕೆ ‘ವ್ಯಾಡ್’ ಎಂದು ಹೆಸರು. ನಾಟಕಶಾಲೆಯು ಒಂದೇ, ಪರದೆಗಳನ್ನೂ ಪಾತ್ರಗಳನ್ನೂ ಊರಿನವರೇ ತರಬಹುದು ಎಂಬಂತಾಯಿತು. ೧೯೯೪ರಲ್ಲಿ ನ್ಯೂಜೀಲೆಂಡಿನ ಬ್ರೆಂಡನ್ ವೈಬರ್, ಬೆಲ್ಜಿಯಮಿನ ರಫಾಯೆಲ್ ಕಿನೆ ಎಂಬುವರು ಲೆವೆಲ್ಲು ಕಟ್ಟುವ ಉಪಕರಣವೊಂದನ್ನು ಸಿದ್ಧಗೊಳಿಸಿ ಉಚಿತವಾಗಿ ಹಂಚಿದರು. ೧೯೯೭ರ ಡಿಸೆಂಬರಿನಲ್ಲಿ ಸಂಸ್ಥೆಯು ಯಂತ್ರಭಾಗದ ಮೂಲಲಿಪಿಯನ್ನೇ ಬಹಿರಂಗಪಡಿಸಿತು. ಆಟವು ಹುಟ್ಟಿ ಮೂವತ್ತು ವರ್ಷ ಕಳೆದರೂ ಅದಕ್ಕೆ ಹೊಸ ಲೆವೆಲ್ಲುಗಳು ಹುಟ್ಟುತ್ತಲೇ ಇರುವುದಕ್ಕೆ ಈ ಔದಾರ್ಯವೇ ಮೂಲವೆಂಬುದು ನಮ್ಮ ಅಭಿಪ್ರಾಯ.

ಕೆಲವು ಕೃತಿಗಳ ವಿಮರ್ಶೆ

ಕಾವ್ಯಕ್ಕೆ ಔಚಿತ್ಯವೇ ಪ್ರಾಣವೆಂದು ಕಾಶ್ಮೀರದ ಕ್ಷೇಮೇಂದ್ರನು ಸಾಧಿಸಿದನು. ಯಾವುದು ಎಲ್ಲಿರಬೇಕೋ ಅದು ಅಲ್ಲಿದ್ದರೆ ಚೆಲುವು. ಸೊಂಟದ ಪಟ್ಟಿಯನ್ನು ಕೊರಳಿಗೆ ಕಟ್ಟಿಕೊಂಡರೆ ನಗೆಪಾಟಲು. ಈ ಒಂದು ಒರೆಗಲ್ಲಿನಿಂದಲೇ ಲೆವೆಲ್ಲುಗಳನ್ನೂ ಪರೀಕ್ಷಿಸಬಹುದು. ಬಾಗಿಲು ಏಕೆ ಅಲ್ಲಿದೆ? ಶತ್ರುವು ಏಕೆ ಆ ಮೂಲೆಯಲ್ಲಿ ಅಡಗಿದ್ದಾನೆ? ಸೋತವನಿಗೆ ತಾನೇಕೆ ಸೋತೆನೆಂಬುದು ತಿಳಿಯುವುದೆ? ಈ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ಕೃತಿ ಗೆದ್ದಿತೆಂದು ತಿಳಿಯಬೇಕು.

ಮೊದಲು ೧೯೯೪ರ ‘ಏಲಿಯನ್ಸ್ ಟಿ.ಸಿ.’ ಎಂಬುದನ್ನು ನೋಡೋಣ. ಜಸ್ಟಿನ್ ಫಿಷರ್ ಎಂಬುವನು ಪ್ರಸಿದ್ಧವಾದ ಒಂದು ಚಲಚ್ಚಿತ್ರದ ಕಥೆಯನ್ನು ಆಧರಿಸಿ ಡೂಮಿನ ವೇಷವನ್ನೇ ಬದಲಿಸಿದನು. ಇದರ ಮೊದಲ ಲೆವೆಲ್ಲಿನಲ್ಲಿ ಶತ್ರುವೆಂಬುವನೇ ಇಲ್ಲ. ಆಟಗಾರನು ಬಂದೂಕು ಹಿಡಿದು ಖಾಲಿ ಕೋಣೆಗಳಲ್ಲಿ ಅಲೆಯುತ್ತಾನೆ. ಪ್ರತಿ ತಿರುವಿನಲ್ಲಿಯೂ ಈಗ ಬಂದೀತು, ಈಗ ಬಂದೀತು ಎಂದು ಎದೆ ಹೊಡೆದುಕೊಳ್ಳುತ್ತದೆ. ಭಯಾನಕರಸಕ್ಕೆ ಭೂತಕ್ಕಿಂತ ಭೂತದ ನಿರೀಕ್ಷೆಯೇ ದೊಡ್ಡ ಪೋಷಕವೆಂಬುದನ್ನು ಈ ಶಿಲ್ಪಿ ಚೆನ್ನಾಗಿ ಅರಿತಿದ್ದನು.

೧೯೯೬ರ ‘ಪ್ಲುಟೋನಿಯ’ ಇದಕ್ಕೆ ವಿರುದ್ಧವಾದ ಸ್ವಭಾವದ್ದು. ಡಾರಿಯೋ ಕಸಾಲಿ, ಮೈಲೋ ಕಸಾಲಿ ಎಂಬ ಸಹೋದರರು ಕಟ್ಟಿದ ಇದರ ೩೨ ಲೆವೆಲ್ಲುಗಳನ್ನು ಮೂಲಸಂಸ್ಥೆಯೇ ಕೊಂಡು ಮಾರಾಟಮಾಡಿತು. ಅಭಿಮಾನಿಗಳು ವೃತ್ತಿಶಿಲ್ಪಿಗಳಿಗೆ ಸಮನಾದ ಪ್ರಸಂಗವಿದು. ಇಲ್ಲಿ ಹೆಜ್ಜೆಗೊಂದು ಹೊಂಚು. ಪಂಡಿತರಿಗಾಗಿಯೇ ಬರೆದ ಶ್ಲೇಷಕಾವ್ಯದಂತೆ, ಬಲ್ಲವನಿಗೆ ರಸ, ಅರಿಯದವನಿಗೆ ತಲೆನೋವು. ಹೊಸಬರು ಇದರಿಂದ ಆರಂಭಿಸತಕ್ಕದ್ದಲ್ಲ.

೨೦೧೪ರ ‘ಗೋಯಿಂಗ್ ಡೌನ್’ ಎಂಬುದು ಸಿರಿಯಾಕ್ ಹ್ಯಾರಿಸ್ ಎಂಬ ಇಂಗ್ಲೆಂಡಿನ ಚಿತ್ರಕಾರನ ಏಕವ್ಯಕ್ತಿ ಸಾಹಸ. ಎತ್ತರವಾದ ಕಛೇರಿ ಕಟ್ಟಡವೊಂದರ ಮಾಳಿಗೆಯಿಂದ ಹೊರಟು, ಒಂದೊಂದು ಲೆವೆಲ್ಲಿಗೆ ಒಂದೊಂದು ಅಂತಸ್ತಿನಂತೆ ಕೆಳಕೆಳಗೆ ಇಳಿಯುತ್ತ ಹೋಗಬೇಕು. ಸಣ್ಣ ಜಾಗದಲ್ಲಿ ದೊಡ್ಡ ಕಲ್ಪನೆಯನ್ನು ಹುದುಗಿಸಿದ ಬಗೆ ಮೆಚ್ಚತಕ್ಕದ್ದು. ವಿಕಟವಾದ ಹಾಸ್ಯವೂ ಉಂಟು. ಕೊನೆಕೊನೆಗೆ ಶತ್ರುಗಳ ಸಂದಣಿ ಮಿತಿಮೀರುತ್ತದೆಂಬುದೊಂದು ಆಕ್ಷೇಪಣೆ.

೨೦೧೯ರಲ್ಲಿ, ಡೂಮನ್ನು ಕಟ್ಟಿದವರಲ್ಲೊಬ್ಬನಾದ ಜಾನ್ ರೊಮೆರೋ ಎಂಬಾತನೇ ಅಭಿಮಾನಿಗಳ ಸಾಲಿನಲ್ಲಿ ಬಂದು ಕುಳಿತು ‘ಸಿಜಿಲ್’ ಎಂಬ ಒಂಬತ್ತು ಲೆವೆಲ್ಲುಗಳ ಮಾಲೆಯನ್ನು ಉಚಿತವಾಗಿ ಕೊಟ್ಟನು. ಕತ್ತಲು, ನೆಲದ ಬಿರುಕುಗಳಲ್ಲಿ ಕೆಂಪು ಬೆಳಕು, ಗುಂಡು ತಗುಲಿದೊಡನೆ ದಾರಿ ತೆರೆಯುವ ಗೋಡೆಯ ಕಣ್ಣುಗಳು ಇದರ ಲಕ್ಷಣ. ಗುರುವೇ ಶಿಷ್ಯರ ಪಂಕ್ತಿಯಲ್ಲಿ ಕುಳಿತು ಎಲೆ ಹಾಕಿಸಿಕೊಂಡಂತಿರುವ ಈ ನಡತೆಯನ್ನು ನಾವು ಕೃತಿಗಿಂತಲೂ ಹೆಚ್ಚಾಗಿ ಮೆಚ್ಚಿದೆವು.

ಗೃಹಸ್ಥರಾದ ವಾಚಕರ ಮನಸ್ಸನ್ನು ಮುಟ್ಟತಕ್ಕದ್ದು ೨೦೨೩ರ ‘ಮೈ ಹೌಸ್’, ಎಂದರೆ ‘ನನ್ನ ಮನೆ’. ತಾನು ವಾಸಿಸುವ ಮನೆಯನ್ನೇ ಅಳೆದು ಲೆವೆಲ್ಲು ಮಾಡುವುದು ತೊಂಬತ್ತರ ದಶಕದಿಂದಲೂ ಹೊಸ ಶಿಲ್ಪಿಗಳ ಮೊದಲ ಅಭ್ಯಾಸ. ತೀರಿಹೋದ ಗೆಳೆಯನೊಬ್ಬನು ಬಿಟ್ಟುಹೋದ ಇಂಥ ಒಂದು ಹಳೆಯ ಮನೆಯನ್ನು ತಾನು ಪೂರ್ತಿಮಾಡಿದೆನೆಂದು ಕರ್ತೃವು ಕಥೆ ಹೂಡುತ್ತಾನೆ. ನೋಡುವುದಕ್ಕೆ ಸಾಧಾರಣ ಮನೆ. ಆದರೆ ಒಮ್ಮೆ ಹೊಕ್ಕ ಕೋಣೆಗೆ ಮರಳಿ ಬಂದರೆ ಅದು ಮೊದಲಿನಂತಿರುವುದಿಲ್ಲ; ಮನೆಯು ಮೆಲ್ಲಮೆಲ್ಲನೆ ಹಿಗ್ಗುತ್ತದೆ, ಹೊರಳುತ್ತದೆ. ಮಯಸಭೆಗೆ ಇದಕ್ಕಿಂತ ಹತ್ತಿರದ ಬಂಧುವನ್ನು ನಾವು ಕಂಡಿಲ್ಲ. ಇದರೊಳಗಿನ ಭಯವು ಶೋಕದಿಂದ ಹುಟ್ಟಿದ ಭಯ. ಆ ಕಾರಣದಿಂದಲೇ ಅದು ಮನಸ್ಸಿನಲ್ಲಿ ನಿಲ್ಲುತ್ತದೆ.

ಇದೇ ಪ್ರಸಂಗದಲ್ಲಿ ನಮ್ಮ ಮನೆಯ ಮಾತೊಂದನ್ನು ಹೇಳುವೆವು. ಹಳ್ಳಿಯಲ್ಲಿದ್ದ ನಮ್ಮ ಹಿರಿಯರ ತೊಟ್ಟಿಮನೆಯು ಹಿಸ್ಸೆಯಾಗಿ, ಕೆಡವಬೇಕೆಂದು ನಿಶ್ಚಯವಾಯಿತು. ಇಂಜಿನಿಯರಿಂಗ್ ಓದುತ್ತಿರುವ ನಮ್ಮ ತಮ್ಮನ ಮಗನು ಅಳತೆಯ ಟೇಪು ಹಿಡಿದು ಎರಡು ದಿನ ಆ ಮನೆಯಲ್ಲಿ ಓಡಾಡಿದನು. ಮೂರು ವಾರವಾದ ಮೇಲೆ ನಮ್ಮ ತಾಯಿಯವರನ್ನು ಕಂಪ್ಯೂಟರಿನ ಮುಂದೆ ಕೂರಿಸಿ, “ಅಜ್ಜಿ, ನಡೆಯಿರಿ” ಎಂದನು. ಪಡಸಾಲೆ, ಕಂಬಗಳು, ತೊಟ್ಟಿಯ ಮೇಲೆ ತೆರೆದ ಆಕಾಶ, ನಡುಮನೆ, ಅಡಿಗೆಮನೆ, ಹಿತ್ತಿಲು, ಎಲ್ಲವೂ ಇದ್ದಲ್ಲಿಯೇ ಇದ್ದುವು. ಪಿಶಾಚಿಯೊಂದೂ ಇರಲಿಲ್ಲ. ಡೂಮಿನಲ್ಲಿ ಬಾಗಿಲುಗಳು ಮೇಲಕ್ಕೇರಿ ತೆರೆಯುತ್ತವೆ, ಅದನ್ನು ಕಂಡು ತಾಯಿಯವರು, “ನಮ್ಮ ತಲೆಬಾಗಿಲೇನು ಅಂಗಡಿ ಬಾಗಿಲೇನೋ, ಮೇಲಕ್ಕೆ ಹೋಗುವುದಕ್ಕೆ?” ಎಂದು ನಕ್ಕರು. ಬಳಿಕ, “ಅಟ್ಟವೆಲ್ಲಿ?” ಎಂದರು. ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆಯನ್ನು ಕಟ್ಟುವ ಶಕ್ತಿಯು ಡೂಮಿನ ಮೂಲಯಂತ್ರಕ್ಕೆ ಇಲ್ಲ. ಹುಡುಗನು ಅಟ್ಟವನ್ನು ಪಕ್ಕದಲ್ಲಿಟ್ಟಿದ್ದನು. ತಾಯಿಯವರು ಆ ಪಕ್ಕದ ಅಟ್ಟದಲ್ಲಿ ಬಹಳ ಹೊತ್ತು ನಿಂತಿದ್ದರು. ಮನೆ ಈಗ ಇಲ್ಲ; ಈ ಕಡತವುಂಟು.

ಒಂದು ಎಚ್ಚರಿಕೆ

ಇಷ್ಟು ಹೇಳಿದ ಮಾತ್ರಕ್ಕೆ ಈ ಆಟಗಳನ್ನು ಮಕ್ಕಳ ಕೈಗೆ ಕೊಡಿರೆಂದು ನಮ್ಮ ಅಭಿಪ್ರಾಯವಲ್ಲ. ಡೂಮಿನಲ್ಲಿ ರಕ್ತಪಾತವುಂಟು, ಅಮೆರಿಕದಲ್ಲಿಯೇ ಇಂಥ ಆಟಗಳನ್ನು ಹದಿನೇಳು ವರ್ಷ ತುಂಬಿದವರಿಗೆಂದು ವಿಂಗಡಿಸಿರುವರು. ೧೯೯೯ರ ಏಪ್ರಿಲಿನಲ್ಲಿ ಆ ದೇಶದ ಕೊಲಂಬೈನ್ ಪಾಠಶಾಲೆಯಲ್ಲಿ ಕೊಲೆಗಳನ್ನು ಮಾಡಿದ ಇಬ್ಬರು ಹುಡುಗರು ಡೂಮನ್ನು ಆಡುತ್ತಿದ್ದರು. ಅವರಲ್ಲೊಬ್ಬನು ಲೆವೆಲ್ಲುಗಳನ್ನೂ ಕಟ್ಟಿದ್ದನು. ಆಟವೇ ಕೊಲೆಗೆ ಕಾರಣವೆಂದು ಅಂದು ದೊಡ್ಡ ಕೂಗೆದ್ದಿತು. ಅದೇ ಆಟವನ್ನು ಆಡಿದ ಲಕ್ಷಾಂತರ ಜನರು ಇರುವೆಯನ್ನೂ ನೋಯಿಸದೆ ಬಾಳುತ್ತಿರುವಾಗ ಆ ಮಾತನ್ನು ಹಾಗೆಯೇ ಒಪ್ಪುವುದು ತರ್ಕವಲ್ಲ. ಆದರೆ ಆ ಹುಡುಗರ ಮನಸ್ಸಿನಲ್ಲಿ ಏನಿತ್ತೆಂಬುದು ಮನೆಯವರಿಗೆ ತಿಳಿಯದೆ ಹೋದುದು ಮಾತ್ರ ನಾವೆಲ್ಲರೂ ಯೋಚಿಸತಕ್ಕ ಸಂಗತಿ. ಊಟ, ನಿದ್ರೆ, ಓದುಗಳನ್ನು ಬಿಡಿಸಿ ಆಟವೊಂದೇ ಉಳಿಯುವಂಥ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ರೋಗಗಳ ಪಟ್ಟಿಗೆ ಸೇರಿಸಿತು. ಆದುದರಿಂದ ವಯಸ್ಸಿಗೂ ವೇಳೆಗೂ ಕಟ್ಟಿರಲಿ; ಬೆಳೆದ ಹುಡುಗನು ಸುಡುವುದರಿಂದ ಕಟ್ಟುವುದರ ಕಡೆಗೆ ತಿರುಗಿದರೆ ಹಿರಿಯರು ಹತ್ತಿರ ಕುಳಿತು ನೋಡಲಿ.

ನಗರವೆಂಬ ಲೆವೆಲ್ಲು

ಇನ್ನು ಬೆಂಗಳೂರಿಗೆ ಬರೋಣ. ಒಂದರ ಮೇಲೊಂದನ್ನು ಕಟ್ಟಲಾರದ ಡೂಮಿನಲ್ಲಿ ನಮ್ಮ ಮೆಜೆಸ್ಟಿಕ್ಕನ್ನು ಕಟ್ಟಲಿಕ್ಕೆ ಸಾಧ್ಯವೇ ಇಲ್ಲ: ಮೇಲೆ ಬಸ್ಸುಗಳು, ನೆಲದ ಕೆಳಗೆ ಒಂದು ಮೆಟ್ರೋ ಮಾರ್ಗ, ಅದನ್ನು ಬೇರೊಂದು ಮಟ್ಟದಲ್ಲಿ ಅಡ್ಡಹಾಯುವ ಇನ್ನೊಂದು ಮಾರ್ಗ! ಡೂಮಿನಲ್ಲಿ ನೀಲಿ, ಹಳದಿ, ಕೆಂಪು ಎಂಬ ಮೂರು ಬೀಗದ ಕೈಗಳಿರುವಂತೆ ಇಲ್ಲಿಯೂ ಬಣ್ಣಗಳನ್ನು ನೆನಪಿಡಬೇಕು. ನೇರಳೆ ಮಾರ್ಗವು ಪೂರ್ವದ ವೈಟ್‌ಫೀಲ್ಡಿನಿಂದ ಪಶ್ಚಿಮದ ಚಲ್ಲಘಟ್ಟಕ್ಕೆ. ಹಸುರು ಮಾರ್ಗವು ಉತ್ತರದ ಮಾದಾವರದಿಂದ ದಕ್ಷಿಣದ ರೇಷ್ಮೆ ಸಂಸ್ಥೆಗೆ. ಎರಡೂ ಕೂಡುವ ಸ್ಥಳ ಮೆಜೆಸ್ಟಿಕ್. ೨೦೨೫ರ ಆಗಸ್ಟಿನಲ್ಲಿ ತೆರೆದ ಹಳದಿ ಮಾರ್ಗವು ಆರ್.ವಿ. ರಸ್ತೆಯಲ್ಲಿ ಹಸುರು ಮಾರ್ಗವನ್ನು ಕೂಡಿಕೊಂಡು ಬೊಮ್ಮಸಂದ್ರಕ್ಕೆ ಹೋಗುತ್ತದೆ. ೨೦೧೧ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಯವರೆಗೆ ಮಾತ್ರ ಓಡಿದ ರೈಲು ಇಷ್ಟು ಬೆಳೆದಿದೆ.

ಪರಸ್ಥಳದಿಂದ ಬರುವವರಿಗೆ ನಮ್ಮ ಅನುಭವದ ಕೆಲವು ಸೂಚನೆಗಳು:

ಒಂದನೆಯದು: ಊರಿನ ಅಂಚಿನಲ್ಲಿಯೇ ಇಳಿಯಿರಿ. ಮೈಸೂರಿನ ಕಡೆಯಿಂದ ಬಸ್ಸಿನಲ್ಲಿ ಬರುವವರಿಗೆ ಕೆಂಗೇರಿಯಲ್ಲಿಯೂ, ತುಮಕೂರಿನ ಕಡೆಯವರಿಗೆ ಮಾದಾವರ, ನಾಗಸಂದ್ರಗಳಲ್ಲಿಯೂ, ಹೊಸೂರಿನ ಕಡೆಯವರಿಗೆ ಬೊಮ್ಮಸಂದ್ರದಲ್ಲಿಯೂ ಮೆಟ್ರೋ ದೊರೆಯುತ್ತದೆ. ಒಳನಗರದ ದಟ್ಟಣೆಯಲ್ಲಿ ಬಸ್ಸು ತೆವಳುವ ಹೊತ್ತು ಉಳಿಯುವುದು. ಬಸ್ಸು ಅಲ್ಲಿ ನಿಲ್ಲುವುದೇ ಎಂದು ಹೊರಡುವಾಗಲೇ ಕಂಡಕ್ಟರನ್ನು ಕೇಳಿಕೊಳ್ಳತಕ್ಕದ್ದು.

ಎರಡನೆಯದು: ರೈಲಿನಿಂದ ಇಳಿಯುವವರು ಹೆಸರಿನಲ್ಲಿ ಮೋಸಹೋಗಬಾರದು. ರೈಲ್ವೆ ನಿಲ್ದಾಣದ ಹಿಂಬದಿಗೆ ಸಂಗೊಳ್ಳಿ ರಾಯಣ್ಣನ ಹೆಸರಿನ ಮೆಟ್ರೋ ನಿಲ್ದಾಣವೊಂದುಂಟು. ಅಲ್ಲಿ ನೇರಳೆ ಮಾರ್ಗ ಮಾತ್ರ. ಹಸುರು ಮಾರ್ಗ ಬೇಕಾದವರು ಮುಂಬದಿಯ ಮೆಜೆಸ್ಟಿಕ್ಕಿಗೇ ಹೋಗಬೇಕು.

ಮೂರನೆಯದು: ಹೊರಬಾಗಿಲನ್ನು ಮೊದಲೇ ತಿಳಿದಿರಿ. ಮೆಟ್ರೋ ನಿಲ್ದಾಣಗಳ ದ್ವಾರಗಳಿಗೆ ಅಕ್ಷರಗಳ ಗುರುತುಂಟು. ಕರೆದವರನ್ನು ಯಾವ ನಿಲ್ದಾಣವೆಂದು ಕೇಳುವಾಗಲೇ ಯಾವ ದ್ವಾರವೆಂದೂ ಕೇಳಿರಿ. ನಮ್ಮ ಮಿತ್ರರೊಬ್ಬರು ಮದುವೆಗೆಂದು ಹೊರಟು, ಸರಿಯಾದ ನಿಲ್ದಾಣದಲ್ಲಿಯೇ ಇಳಿದು, ತಪ್ಪು ದ್ವಾರದಿಂದ ಹೊರಬಿದ್ದರು. ನಡುವೆ ದಾಟಲಾಗದ ಹೆದ್ದಾರಿ. ಎದುರಿಗೆ ಛತ್ರ ಕಾಣುತ್ತಿತ್ತು, ಓಲಗವೂ ಕೇಳುತ್ತಿತ್ತು. ಅವರು ಸೇರುವ ವೇಳೆಗೆ ಮುಹೂರ್ತ ಮುಗಿದು ಎಲೆ ಹಾಕಿದ್ದರು. ಅಭಿಮನ್ಯುವಿನ ಕಥೆ ಹಳೆಯದಾಗಲಿಲ್ಲ.

ನಾಲ್ಕನೆಯದು: ನಗರಸಾರಿಗೆಯ ಬಸ್ಸಿನಲ್ಲಿ ಸಂಖ್ಯೆಯನ್ನು ಓದಿದರೆ ಸಾಲದು, ಸಂಖ್ಯೆಯ ಬಾಲದಲ್ಲಿರುವ ಅಕ್ಷರವನ್ನೂ ಓದಬೇಕು, ಅಕ್ಷರ ಬದಲಾದರೆ ತಲಪುವ ಊರೂ ಬದಲಾದೀತು. ಕರ್ನಾಟಕದ ನಿವಾಸಿಗಳಾದ ಹೆಂಗಸರಿಗೆ ೨೦೨೩ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಯಂತೆ ಸಾಧಾರಣ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಗುರುತಿನ ಚೀಟಿ ಕೈಯಲ್ಲಿರಲಿ. ವಿಮಾನನಿಲ್ದಾಣಕ್ಕೆ ಹೋಗುವ ವಾಯುವಜ್ರವೇ ಮೊದಲಾದ ಹವಾನಿಯಂತ್ರಿತ ಬಸ್ಸುಗಳಿಗೆ ಇದು ಸಲ್ಲದು.

ಐದನೆಯದು: ಹಿಂದಿರುಗುವ ದಾರಿಯನ್ನು ಹೋಗುವಾಗಲೇ ಗುರುತಿಸಿರಿ. ಮರ, ಗುಡಿ, ಔಷಧಿ ಅಂಗಡಿ, ಯಾವುದಾದರೂ ಒಂದು ಕುರುಹು ಬೇಕು. ಒಳ್ಳೆಯ ಲೆವೆಲ್ಲಿನ ಶಿಲ್ಪಿಯು ಪ್ರತಿ ತಿರುವಿನಲ್ಲಿ ಇಂಥ ಕುರುಹನ್ನು ತಾನೇ ಇಟ್ಟಿರುತ್ತಾನೆ. ನಗರವನ್ನು ಕಟ್ಟಿದವರು ಒಬ್ಬರಲ್ಲ, ಒಂದು ಕಾಲದವರೂ ಅಲ್ಲ. ಆದುದರಿಂದ ಕುರುಹನ್ನು ನಾವೇ ಆರಿಸಿಕೊಳ್ಳಬೇಕಾಗಿದೆ.

ಕೊನೆಗೆ ಗೃಹಸ್ಥರಲ್ಲಿ ಒಂದು ವಿಜ್ಞಾಪನೆ. ಮುಂದೆ ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ, ಲೆವೆಲ್ಲು ಕಟ್ಟಬಲ್ಲ ಮನೆಯ ಹುಡುಗನನ್ನು ಕರೆದು, ನೀವು ಹೋಗಬೇಕಾದ ದಾರಿಯನ್ನು ಒಂದು ಹಾಳೆಯ ಮೇಲೆ ಬರೆದುಕೊಡೆಂದು ಹೇಳಿರಿ: ಎಲ್ಲಿ ಇಳಿಯಬೇಕು, ಯಾವ ಬಣ್ಣದ ಮಾರ್ಗ, ಎಲ್ಲಿ ಬದಲಾವಣೆ, ಯಾವ ದ್ವಾರ, ಹಿಂದಿರುಗುವುದು ಹೇಗೆ. ಅವನು ಅದನ್ನು ನಿಮಗಿಂತ ಚೆನ್ನಾಗಿ ಬರೆದಾನು. ನಿಮಗೆ ದಾರಿ ದೊರೆಯುವುದು; ತನ್ನ ವಿದ್ಯೆಯಿಂದ ಹಿರಿಯರಿಗೆ ಪ್ರಯೋಜನವಾಯಿತೆಂಬ ತೃಪ್ತಿ ಅವನಿಗೆ ದೊರೆಯುವುದು; ಇಬ್ಬರೂ ಒಂದು ಗಂಟೆ ಒಂದೇ ಹಾಳೆಯ ಮೇಲೆ ಬಾಗಿ ಕುಳಿತಿರುವಿರಿ.