ಹಿಂದಕ್ಕೆ ಓಡಿದ ಮೀಟರ್: ಹಳೇ ದೊಡ್ಡ ಗಾಡಿ ಕೊಳ್ಳುವವರು ಸ್ವಲ್ಪ ನಿಲ್ಲಿ

ದಾವಣಗೆರೆ: ಪಿ.ಬಿ. ರಸ್ತೆ ಪಕ್ಕದ ಒಂದು ಗ್ಯಾರೇಜು. ಬೆಳಿಗ್ಗೆ ಹತ್ತರ ಹೊತ್ತು. ಬಿಳಿ ಬಣ್ಣದ ದೊಡ್ಡ ಗಾಡಿಯೊಂದು ಬಂದು ನಿಂತಿತು. ತೊಳೆದು, ಪಾಲಿಶ್ ಹೊಡೆದು, ಟೈರಿಗೆ ಕಪ್ಪು ಬಳಿದು ಮದುವಣಗಿತ್ತಿಯಂತೆ ಸಿಂಗರಿಸಿದ್ದರು. ಇಳಿದವರು ಮೂವರು. ಮಂಡಿಪೇಟೆಯ ದಿನಸಿ ಅಂಗಡಿ ಸಾವ್ಕಾರ್ರು, ಅವರ ಮಗ, ಮತ್ತೆ ಗಾಡಿ ಬ್ರೋಕರು.

2012ರ ಮಾಡೆಲ್. ಮೀಟರಿನಲ್ಲಿ 1,18,000 ಕಿ.ಮೀ. ಬೆಲೆ ನಾಲ್ಕು ಲಕ್ಷ. ಚೀಟಿ ಎತ್ತಿದ ದುಡ್ಡು ಸಾವ್ಕಾರ್ರ ಬ್ಯಾಗಿನಲ್ಲೇ ಇತ್ತು. ಅಂಗಡಿ ಸಾಮಾನು ತರಲಿಕ್ಕೂ ಆಯಿತು, ಮನೆ ಮಂದಿ ಉಕ್ಕಡಗಾತ್ರಿಗೆ ಹೋಗಲಿಕ್ಕೂ ಆಯಿತು ಎಂಬ ಲೆಕ್ಕ.

‘ಒಬ್ರೇ ಓನರ್ ಅಣ್ಣಾರೆ. ಡಾಕ್ಟರ ಗಾಡಿ. ಭಾನುವಾರ ಬಿಟ್ರೆ ಹೊರಗೆ ತೆಗ್ದಿಲ್ಲ’ ಎಂದರು ಬ್ರೋಕರು.

ಮೆಕ್ಯಾನಿಕ್ ಮಾತಾಡಲಿಲ್ಲ. ಬಾನೆಟ್ ಎತ್ತುವುದಕ್ಕೆ ಮುಂಚೆ ಡ್ಯಾಶ್‌ಬೋರ್ಡಿನ ಡಬ್ಬಿ ತೆಗೆದು ಒಳಗಿನ ಕಾಗದಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ. ಮುದುರಿಕೊಂಡಿದ್ದ ಒಂದು ಸರ್ವಿಸ್ ಬಿಲ್ಲು ಸಿಕ್ಕಿತು. ಇಸವಿ 2017. ನಂಬರು ಇದೇ ಗಾಡಿಯದು. ಓಡಿದ ಕಿ.ಮೀ. ಜಾಗದಲ್ಲಿ ಬರೆದಿದ್ದದ್ದು 1,96,400.

ಅಂದರೆ 2017ರಿಂದ ಈಚೆಗೆ ಗಾಡಿ ಹಿಂದಕ್ಕೆ ಓಡಿರಬೇಕು!

ಅದೇ ಕಂತೆಯಲ್ಲಿ ಹಳೇ ಇನ್ಶೂರೆನ್ಸ್ ಕಾಪಿಯೂ ಇತ್ತು. ಪ್ರಯಾಣಿಕರನ್ನು ಬಾಡಿಗೆಗೆ ಸಾಗಿಸುವ ವಾಹನ ಎಂದು ಅದರಲ್ಲಿ ಬರೆದಿತ್ತು. ಡಾಕ್ಟರ ಗಾಡಿ ಹಳದಿ ಬೋರ್ಡಿನಲ್ಲಿ ದುಡಿದು ಬಂದ ಗಾಡಿಯಾಗಿತ್ತು. ದಿನಕ್ಕೆ ಬರೀ 100 ಕಿ.ಮೀ. ಓಡಿತೆಂದರೂ ವರ್ಷಕ್ಕೆ 36,500 ಆಗುತ್ತದೆ. ಎಂಟು ವರ್ಷ ಓಡಿದರೆ 2,92,000. ಲೆಕ್ಕ ಬರುವ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಿ.ಮೀ. ಜಾಸ್ತಿ ಆದ್ರೆ ಗಾಡಿ ಸತ್ತಂತೆಯೇ?

ಅಲ್ಲ. ಜನ ಮೋಸ ಹೋಗುವುದು ಇಲ್ಲಿಯೇ. 1994ರಲ್ಲಿ ಬಂದ ಸುಮೊ, 2000ದಲ್ಲಿ ಬಂದ ಕ್ವಾಲಿಸ್ ಮತ್ತು ಬೊಲೆರೊ, 2002ರ ಸ್ಕಾರ್ಪಿಯೊ, 2005ರ ಇನ್ನೋವಾ ಎಲ್ಲವೂ ಲಾರಿಯ ಹಾಗೆ ಉಕ್ಕಿನ ಚಾಸಿ ಮೇಲೆ ಬಾಡಿ ಕೂರಿಸಿದ ಗಾಡಿಗಳು. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ ಇಂಥ ಡೀಸೆಲ್ ಗಾಡಿ ಮೂರು ಲಕ್ಷ ಕಿ.ಮೀ. ದಾಟಿಯೂ ದುಡಿಯುತ್ತದೆ. ಆಯಿಲ್ ಮುಖ ಕಾಣದ ಗಾಡಿ ಒಂದೂವರೆ ಲಕ್ಷಕ್ಕೇ ಇಂಜಿನ್ ಬಿಚ್ಚಿಸುತ್ತದೆ.

ಗಿರಾಕಿ ಮಾತ್ರ ಮೊದಲು ನೋಡುವುದು ಮೀಟರನ್ನೇ. ಬ್ರೋಕರಿಗೂ ಅದು ಗೊತ್ತು. ಈಗಿನ ಡಿಜಿಟಲ್ ಮೀಟರನ್ನು ಲ್ಯಾಪ್‌ಟಾಪ್ ಜೋಡಿಸಿ ಬೇಕಾದ ಅಂಕಿಗೆ ಇಳಿಸಬಹುದು. ಇಳಿಸಲಾಗದ್ದು ಬೇರೆ ಇದೆ. ಕ್ಲಚ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿದೆಯೇ? ಸ್ಟಿಯರಿಂಗ್ ಹೊಳೆಯುತ್ತಿದೆಯೇ? ಡ್ರೈವರ್ ಸೀಟು ಒಂದು ಕಡೆ ಕುಸಿದಿದೆಯೇ? ಇವು ಲಕ್ಷ ಕಿ.ಮೀ. ಗಾಡಿಯ ಲಕ್ಷಣಗಳಲ್ಲ. ಪೆಡಲ್ ರಬ್ಬರು, ಸೀಟ್ ಕವರು ಹೊಚ್ಚ ಹೊಸದಾಗಿದ್ದರೆ ಅದೂ ಒಂದು ಪ್ರಶ್ನೆಯೇ.

ಹೊಗೆ ಹೇಳುವ ಕಥೆ

ಮೆಕ್ಯಾನಿಕ್ ಬಾನೆಟ್ ಮೇಲೆ ಕೈಯಿಟ್ಟ. ಬಿಸಿ ಇತ್ತು. ‘ಮೊದ್ಲೇ ಸ್ಟಾರ್ಟ್ ಮಾಡಿ ಬಿಸಿ ಮಾಡ್ಕೊಂಡು ತಂದಾರೆ ಸಾವ್ಕಾರ್ರೆ. ಗಾಡಿ ನೋಡೋದಾದ್ರೆ ಬೆಳಗ್ಗೆ ತಣ್ಣಗಿದ್ದಾಗ ನೋಡ್ರಿ’ ಎಂದ.

ತಣ್ಣಗಿದ್ದ ಇಂಜಿನ್ ತಡವರಿಸದೆ ಎದ್ದರೆ ಅರ್ಧ ಪರೀಕ್ಷೆ ಪಾಸು. ನೀಲಿ ಹೊಗೆ ಬಿಡದೆ ಬರುತ್ತಿದ್ದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ ಎಂದರ್ಥ. ಕಪ್ಪು ಹೊಗೆಯಾದರೆ ಪಂಪು, ನಾಝಲು, ಟರ್ಬೊ ಕಡೆ ನೋಡಬೇಕು. ಗಾಡಿ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರ್ ನೀರು ಇಂಜಿನ್ ಒಳಗೆ ಹೋಗುತ್ತಿರಬಹುದು. ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಹಬೆ ಬುಸುಗುಟ್ಟಿಕೊಂಡು ಬಂತೋ, ರಿಂಗು, ಪಿಸ್ಟನ್ ಸವೆದಿವೆ ಎಂದೇ ಅನುಮಾನಿಸಬೇಕು.

ಟೈಮಿಂಗ್ ಬೆಲ್ಟ್ ಇರುವ ಗಾಡಿಯಾದರೆ ಅದನ್ನು ಯಾವಾಗ ಬದಲಿಸಿದ್ದು ಎಂದು ಬಿಲ್ಲು ಸಮೇತ ಕೇಳಬೇಕು. ಓಡುವಾಗ ಬೆಲ್ಟ್ ಹರಿದರೆ ವಾಲ್ವುಗಳು ಬಾಗಿ ಇಂಜಿನ್ನೇ ಕೂರುತ್ತದೆ. ಮೀಟರ್ ಇಳಿಸಿದ ಗಾಡಿಯ ದೊಡ್ಡ ಅಪಾಯವೂ ಇದೇ. ಲಕ್ಷ ದಾಟಿ ಸ್ವಲ್ಪವೇ ಆಗಿದೆ, ಇನ್ನೂ ಟೈಮಿದೆ ಎಂದು ಕೊಂಡವನು ನೆಮ್ಮದಿಯಾಗಿರುತ್ತಾನೆ. ಬೆಲ್ಟಿಗೆ ಮಾತ್ರ ನಿಜವಾದ ಲೆಕ್ಕ ಗೊತ್ತಿರುತ್ತದೆ.

ಗಾಡಿ ಕೆಳಗೂ ಬಗ್ಗಿ ನೋಡಬೇಕು. ಕರಾವಳಿ ಕಡೆಯ ಗಾಡಿಯ ಚಾಸಿಗೆ ತುಕ್ಕು ಹಿಡಿದಿರುತ್ತದೆ. 2018ರಲ್ಲಿ ಕೊಡಗು, ಕೇರಳದಲ್ಲಿ, 2019ರಲ್ಲಿ ಉತ್ತರ ಕರ್ನಾಟಕದಲ್ಲಿ ನೆರೆ ಬಂದಾಗ ನೀರಿನಲ್ಲಿ ನಿಂತ ಗಾಡಿಗಳೂ ಉಂಟು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ತುದಿಯಲ್ಲಿ ಕೆಸರಿನ ಕಲೆ ಇದ್ದರೆ ಗಾಡಿ ಈಜಿ ಬಂದಿದೆ.

ಕಾಗದ ಕೈಕೊಟ್ಟರೆ

ಇಂಜಿನ್ ಕೆಟ್ಟರೆ ದುಡ್ಡು ಹೋಗುತ್ತದೆ. ಕಾಗದ ಕೆಟ್ಟರೆ ದುಡ್ಡಿನ ಜೊತೆ ನಿದ್ದೆಯೂ ಹೋಗುತ್ತದೆ.

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಓ ಕಚೇರಿಯಲ್ಲಿ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಕಾರು, ಜೀಪುಗಳಿಗೆ 600 ರೂ. ಇದ್ದ ಈ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ರೂ. ಆಯಿತು. 20 ವರ್ಷ ದಾಟಿದ ಗಾಡಿಗೆ 2025ರ ಆಗಸ್ಟ್‌ನಲ್ಲಿ 10,000 ರೂ. ಮಾಡಿದರು. ಹಸಿರು ತೆರಿಗೆ ಬೇರೆ. 2012ರ ಗಾಡಿಗೆ 2027ರಲ್ಲಿ ಈ ಖರ್ಚು ಬಂತೆಂದೇ ಲೆಕ್ಕ ಹಾಕಿಕೊಳ್ಳಬೇಕು.

ದಿಲ್ಲಿ ನಂಬರಿನ ಗಾಡಿ ಅಗ್ಗ ಎಂದು ಆಸೆ ಬೀಳುವವರೂ ಇದ್ದಾರೆ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಆಗಿನಿಂದ ಅಲ್ಲಿನ ಗಾಡಿಗಳು ದಕ್ಷಿಣಕ್ಕೆ ಇಳಿದವು. ಆದರೆ ಅಲ್ಲಿನ ಎನ್‌ಓಸಿ ಬೇಕು, ಇಲ್ಲಿ ಆಜೀವ ತೆರಿಗೆ ಕಟ್ಟಬೇಕು. ಅಗ್ಗದ್ದು ಎಲ್ಲಿ ಉಳಿಯಿತು?

ಮಾರುವವರಿಗೂ ಒಂದು ಮಾತು. ಫಾರಂ 29, 30ಕ್ಕೆ ಸಹಿ ಹಾಕಿ ಬ್ರೋಕರ ಕೈಗೆ ಕೊಟ್ಟು ಮರೆಯಬೇಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಗಾಡಿ ಮಾರಿ ಎಷ್ಟೋ ದಿನವಾದ ಮೇಲೂ ಕೋರ್ಟಿನ ನೋಟಿಸು ನಿಮ್ಮ ಮನೆ ಬಾಗಿಲಿಗೇ ಬರುತ್ತದೆ. ಕೊಂಡವರು ಇನ್ಶೂರೆನ್ಸನ್ನು ತಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಬೇಕು.

ಸಾವ್ಕಾರ್ರ ಮಗನಿಗೆ ಇನ್ನೊಂದು ಆಲೋಚನೆಯೂ ಇತ್ತು. ‘ಮದುವಿ ಸೀಜನ್ನಾಗೆ ಬಾಡಿಗಿಗೆ ಬಿಟ್ರೆ ಡೀಸೆಲ್ ಖರ್ಚು ಹುಟ್ತೈತಿ ಅಪ್ಪಾಜಿ’ ಎಂದ. ಬಿಳಿ ಬೋರ್ಡಿನ ಗಾಡಿ ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ. ಹಾಗೆ ಓಡಿಸುವಾಗ ಅನಾಹುತವಾದರೆ ಇನ್ಶೂರೆನ್ಸ್ ಕಂಪನಿ ಕೈ ತೊಳೆದುಕೊಳ್ಳಲು ದಾರಿ ಹುಡುಕುತ್ತದೆ. ಆಗ ಅಂಗಡಿ ಮಾರಿದರೂ ಸಾಲದು.

ಕಡೆಗೆ ಏನಾಯಿತು?

ಬ್ರೋಕರು ‘ಬಿಲ್ಲು ತಪ್ಪಾಗಿ ಬರ್ದಿರ್ಬೇಕು’ ಎನ್ನುತ್ತಾ ಗಾಡಿ ತಿರುಗಿಸಿಕೊಂಡು ಹೊರಟರು. ಚೀಟಿ ದುಡ್ಡು ಬ್ಯಾಗಿನಲ್ಲೇ ಉಳಿಯಿತು.

ಮೂರು ವಾರದ ಮೇಲೆ ಸಾವ್ಕಾರ್ರು ಬೇರೆ ಗಾಡಿ ಕೊಂಡರು. ಅದರ ಮೀಟರಿನಲ್ಲಿ 2,64,000 ಕಿ.ಮೀ. ಇತ್ತು. ಬೆಲೆ ಮೂರೂಕಾಲು ಲಕ್ಷ. ಜೊತೆಗೆ ಮೊದಲ ಸರ್ವಿಸಿನಿಂದ ಹಿಡಿದು ಬೆಲ್ಟ್ ಬದಲಿಸಿದ್ದರವರೆಗೆ ಬಿಲ್ಲುಗಳ ಒಂದು ಫೈಲು. ಉಳಿದ 75,000ವನ್ನು ಸಾವ್ಕಾರ್ರು ಗಲ್ಲಾಕ್ಕೆ ಹಾಕಲಿಲ್ಲ, ರಿಪೇರಿಗೆಂದೇ ತೆಗೆದಿಟ್ಟರು. ಕ್ಲಚ್ ಪ್ಲೇಟು, ನಾಲ್ಕು ಟೈರು, ಸಸ್ಪೆನ್ಷನ್ ಬುಶ್ಶುಗಳಿಗೆ ಅದರಲ್ಲಿ ಮುಕ್ಕಾಲು ಪಾಲು ಹೋಯಿತು.

‘ಇದು ಮುದುಕ ಗಾಡಿ ಅಪ್ಪಾಜಿ’ ಎಂದು ಮಗ ಗೊಣಗಿದ.

ಮೆಕ್ಯಾನಿಕ್ ನಕ್ಕ. ‘ತನ್ನ ವಯಸ್ಸು ತಾನೇ ಹೇಳೋ ಮುದುಕನ್ನ ನಂಬಬಹುದು ತಮ್ಮಾ. ಕೂದ್ಲಿಗೆ ಕಪ್ಪು ಬಳ್ಕೊಂಡು ಮದುವಿ ಗಂಡಾಗಿ ಬಂದೋನ್ನ ನಂಬಬಾರ್ದು.’

ಆ ಬಿಳಿ ಗಾಡಿ ಈಗ ಯಾರ ಮನೆ ಮುಂದೆ ನಿಂತಿದೆಯೋ ಗೊತ್ತಿಲ್ಲ. ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಆ ಬಿಲ್ಲಂತೂ ಇರಲಾರದು.