ಒಲೆ ಆರಿದೆ, ಚಿಮಣಿಗೆ ಗೊತ್ತಿಲ್ಲ

ಲೀಸೆಸ್ಟರ್, ರೆಡಿಂಗ್ ಅಥವಾ ಲಂಡನ್ನಿನ ಹೊರವಲಯದ ಹಳೆಯ ಸಾಲುಮನೆಗಳಲ್ಲಿ ವಾಸವಿರುವ ಕನ್ನಡಿಗರು ಚಳಿಗಾಲದಲ್ಲಿ ಒಂದು ಪರೀಕ್ಷೆ ಮಾಡಿ ನೋಡಬಹುದು. ಕಿಟಕಿ ಬಾಗಿಲು ಹಾಕಿ, ರೇಡಿಯೇಟರ್ ಬಿಸಿಯಾಗಲು ಬಿಟ್ಟು, ಹಚ್ಚಿದ ಊದುಬತ್ತಿಯೊಂದನ್ನು ಅಗ್ಗಿಷ್ಟಿಕೆಯ ಬಾಯಿಯ ಹತ್ತಿರ ಹಿಡಿಯಬೇಕು. ನೆಟ್ಟಗೆ ಏಳಬೇಕಾದ ಹೊಗೆ ಅಡ್ಡಕ್ಕೆ ಬಾಗುತ್ತದೆ, ಎಳೆಎಳೆಯಾಗಿ ಗೂಡಿನೊಳಕ್ಕೆ ಸರಿಯುತ್ತದೆ, ಕತ್ತಲಲ್ಲಿ ಮೇಲೇರಿ ಮಾಯವಾಗುತ್ತದೆ. ಆ ಗೂಡಿನಲ್ಲಿ ಬೆಂಕಿ ಹಚ್ಚಿ ಐವತ್ತು ವರ್ಷವೇ ಆಗಿರಬಹುದು. ಅದರ ಮುಂದೆ ಯಾರೋ ಹೂದಾನಿ ಇಟ್ಟಿರಬಹುದು. ಚಿಮಣಿಗೆ ಅದೆಲ್ಲ ಲೆಕ್ಕಕ್ಕಿಲ್ಲ. ಕೋಣೆ ಹೊರಗಿಗಿಂತ ಬೆಚ್ಚಗಿದ್ದರೆ ಸಾಕು, ತನ್ನ ಪಾಡಿಗೆ ತಾನು ಗಾಳಿ ಎಳೆಯುತ್ತಲೇ ಇರುತ್ತದೆ.

ಚಿಮಣಿಯನ್ನು ಯಂತ್ರವೆಂದೇ ಎಣಿಸಬೇಕು. ತಿರುಗುವ ಭಾಗವಿಲ್ಲ, ವಿದ್ಯುತ್ ಬೇಡ, ಸದ್ದೂ ಇಲ್ಲ. ಜೊತೆಗೆ ಸ್ವಿಚ್ಚೂ ಇಲ್ಲ. ತೊಂದರೆ ಇರುವುದೇ ಅಲ್ಲಿ.

ಅದು ಕೆಲಸ ಮಾಡುವುದು ಗಾಳಿಯ ತೂಕದ ಬಲದಿಂದ. 5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.27 ಕೆ.ಜಿ. ತೂಗುತ್ತದೆ, 20 ಡಿಗ್ರಿಯಲ್ಲಿ 1.20 ಕೆ.ಜಿ. ವ್ಯತ್ಯಾಸ ಎಪ್ಪತ್ತು ಗ್ರಾಮಿನ ಆಸುಪಾಸು. ಆದರೆ ಎಂಟು ಮೀಟರ್ ಎತ್ತರದ ನಾಳದ ತುಂಬ ಹಗುರ ಗಾಳಿ, ಹೊರಗೆ ಅಷ್ಟೇ ಎತ್ತರಕ್ಕೆ ಭಾರದ ಗಾಳಿ ನಿಂತಾಗ ನಾಳದ ಬುಡದಲ್ಲಿ ಸುಮಾರು 5 ಪ್ಯಾಸ್ಕಲ್ ಒತ್ತಡದ ಅಂತರ ಹುಟ್ಟುತ್ತದೆ. ಅರ್ಧ ಮಿಲಿಮೀಟರ್ ನೀರು ನಿಂತರೆ ಎಷ್ಟು ಒತ್ತುತ್ತದೋ ಅಷ್ಟು. ಅಲ್ಪವೇ ಸರಿ, ಆದರೆ ಹಗಲೂ ರಾತ್ರಿ ಬಿಡುವಿಲ್ಲ. ಹೊರಗಿನ ಭಾರದ ಗಾಳಿ ಬಾಗಿಲ ಸಂದಿ, ಕಿಟಕಿಯ ಚೌಕಟ್ಟು, ಹಲಗೆ ನೆಲದ ಬಿರುಕುಗಳಿಂದ ಒಳನುಗ್ಗಿ ಬೆಚ್ಚಗಿನ ಗಾಳಿಯನ್ನು ಮೇಲಕ್ಕೆ ದಬ್ಬುತ್ತದೆ. ಸೀಮೆಎಣ್ಣೆ ಲಾಟೀನಿನ ಗಾಜು ಮಾಡುವುದೂ ಇದನ್ನೇ. ಗಾಜು ತೆಗೆದರೆ ಜ್ವಾಲೆ ಕೆಂಪಗೆ ಹೊಗೆಯಾಡುತ್ತದೆ. ಗಾಜು ಇಟ್ಟೊಡನೆ ಗಾಳಿಯ ಸೆಳೆತ ಸಿಕ್ಕಿ ನೆಟ್ಟಗೆ ಬೆಳಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆ ನಮ್ಮ ಹಳ್ಳಿಯ ಅಡುಗೆಮನೆಗಳಿಂದ ಹೊಗೆಯನ್ನು ಆಚೆ ಹಾಕಿದ್ದೂ ಇದೇ ಸೆಳೆತದ ನೆರವಿನಿಂದ.

ಒಲೆ ಉರಿಯುವಾಗ ಈ ಸೆಳೆತ ವರ, ಆರಿದ ಮೇಲೆ ನಷ್ಟ. ನಷ್ಟದ ಲೆಕ್ಕ ಹಾಕುವುದು ಕಷ್ಟವೇನಲ್ಲ. ಬ್ರಿಟನ್ನಿನಲ್ಲಿ ಮನೆಗಳ ಶಕ್ತಿ ಬಳಕೆಯನ್ನು ಅಳೆಯುವ ಅಧಿಕೃತ ಲೆಕ್ಕವಿಧಾನದಲ್ಲಿ ತೆರೆದ ಚಿಮಣಿಯೊಂದಕ್ಕೆ ಗಂಟೆಗೆ 80 ಘನ ಮೀಟರ್ ಗಾಳಿ ಎಂದು ಹಿಡಿಯುತ್ತಾರೆ. ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ, ಎರಡೂವರೆ ಮೀಟರ್ ಎತ್ತರದ ಕೋಣೆಯಲ್ಲಿರುವುದು 40 ಘನ ಮೀಟರ್. ಅಂದರೆ ಗಂಟೆಗೆ ಎರಡು ಕೋಣೆಗಳಷ್ಟು ಬೆಚ್ಚನೆಯ ಗಾಳಿ ಮಾಡಿನ ಮೇಲೆ ಖಾಲಿಯಾಗುತ್ತದೆ, ಅಷ್ಟೇ ಥಂಡಿ ಗಾಳಿ ಒಳಗೆ ಬರುತ್ತದೆ. ಅದನ್ನು 5 ಡಿಗ್ರಿಯಿಂದ 20 ಡಿಗ್ರಿಗೆ ಏರಿಸಲು ಬೇಕಾಗುವುದು ಸುಮಾರು 400 ವ್ಯಾಟ್. ದಿನವಿಡೀ ಹೀಗೇ ನಡೆದರೆ ಒಂಬತ್ತೂವರೆ ಯೂನಿಟ್‌ಗೆ ಸಮನಾದ ಶಾಖ ಆಕಾಶದ ಪಾಲು. ಇದು ಒಂದು ಚಿಮಣಿಯ ಲೆಕ್ಕ. ವಿಕ್ಟೋರಿಯಾ ಕಾಲದ ಮನೆಯೊಂದರಲ್ಲಿ ಕೆಳಗೆರಡು, ಮೇಲೆರಡು ಅಗ್ಗಿಷ್ಟಿಕೆಗಳಿರುವುದು ಸಾಮಾನ್ಯ. ಬೀದಿಯಲ್ಲಿ ನಿಂತು ಮಾಡಿನ ಮೇಲಿನ ಮಣ್ಣಿನ ಕುಂಡಗಳನ್ನು ಎಣಿಸಿದರೆ ಒಳಗೆಷ್ಟು ನಾಳಗಳಿವೆ ಎಂಬ ಅಂದಾಜು ಸಿಗುತ್ತದೆ.

ಇಷ್ಟೊಂದು ಚಿಮಣಿಗಳು ಬಂದದ್ದು ಕಲ್ಲಿದ್ದಲಿನ ಕಾಲದಲ್ಲಿ, ಕೋಣೆಗೊಂದು ಬೆಂಕಿ ಬೇಕಿದ್ದಾಗ. ಸಾಮಾನ್ಯ ನಾಳದ ಒಳ ಅಳತೆ ಒಂಬತ್ತು ಇಂಚು ಉದ್ದ, ಒಂಬತ್ತು ಇಂಚು ಅಗಲ; ಅದೂ ನೇರವಾಗಿರದೆ ಅಲ್ಲಲ್ಲಿ ಓರೆಯಾಗುತ್ತ ಮೇಲೇರುತ್ತದೆ. ಇಂಥ ಇಕ್ಕಟ್ಟಿಗೆ ಮಸಿ ಕೆರೆಯಲು ಮಕ್ಕಳನ್ನು ಹತ್ತಿಸುತ್ತಿದ್ದರು. 1875ರಲ್ಲಿ ಕೇಂಬ್ರಿಜ್ ಬಳಿಯ ಆಸ್ಪತ್ರೆಯೊಂದರ ಚಿಮಣಿಯಲ್ಲಿ ಸಿಕ್ಕಿಕೊಂಡು ಜಾರ್ಜ್ ಬ್ರೂಸ್ಟರ್ ಎಂಬ ಬಾಲಕ ಸತ್ತ ಮೇಲೆ ಬಂದ ಕಾಯ್ದೆ ಆ ಕ್ರೂರ ಪದ್ಧತಿಯನ್ನು ಕೊನೆಗಾಣಿಸಿತು. ಬೆಂಕಿಗಳು ಆರಿದ್ದು ಇನ್ನೂ ತಡವಾಗಿ. 1952ರ ಡಿಸೆಂಬರಿನಲ್ಲಿ ಲಂಡನ್ನನ್ನು ಉಸಿರುಗಟ್ಟಿಸಿದ ಹೊಗೆಮಂಜು, ಅದರ ಬೆನ್ನಿಗೆ 1956ರ ಶುದ್ಧ ಗಾಳಿ ಕಾಯ್ದೆ, ಆಮೇಲೆ ಉತ್ತರ ಸಮುದ್ರದ ಅನಿಲ, ಮನೆತುಂಬ ರೇಡಿಯೇಟರ್. ಕಲ್ಲಿದ್ದಲು ಹೋಯಿತು, ನಾಳಗಳು ಉಳಿದವು.

ಹಾಗಾದರೆ ಮುಚ್ಚಿಬಿಟ್ಟರಾಯಿತಲ್ಲ? ಮೇಲೊಂದು ಕಾಂಕ್ರೀಟ್ ಬಿಲ್ಲೆ, ಕೆಳಗೆ ಇಟ್ಟಿಗೆ ಕಟ್ಟಿ ಸಿಮೆಂಟು. ಅನೇಕರು ಹೀಗೆ ಮಾಡಿದ್ದಾರೆ, ಕೆಲವು ವರ್ಷಗಳಲ್ಲಿ ಅದರ ಫಲವನ್ನೂ ಉಂಡಿದ್ದಾರೆ. ಅಗ್ಗಿಷ್ಟಿಕೆ ಇದ್ದ ಗೋಡೆಯ ಮೇಲೆ ಕಂದು ಕಲೆ ಮೂಡುತ್ತದೆ. ಬಣ್ಣ ಹೊಡೆದರೆ ಮತ್ತೆ ಮೂಡುತ್ತದೆ. ತೇವದ ದಿನಗಳಲ್ಲಿ ಒದ್ದೆಯಾಗಿ ಕಾಣುತ್ತದೆ, ಒಣ ಹವೆ ಬಂದಾಗ ಮಾಸುತ್ತದೆ.

ಇದರ ಮೂಲ ಮಸಿಯಲ್ಲಿದೆ. ಕಲ್ಲಿದ್ದಲಿನ ಹೊಗೆ ನಾಳದ ಗೋಡೆಗೆ ಗಂಧಕದ ಸಂಯುಕ್ತಗಳನ್ನೂ ಲವಣಗಳನ್ನೂ ದಶಕಗಟ್ಟಲೆ ಮೆತ್ತಿದೆ. ನಾಳದ ಒಳಮೈಗೆ ಆ ಕಾಲದವರು ಬಳಿಯುತ್ತಿದ್ದದ್ದು ಸುಣ್ಣದ ಗಾರೆಗೆ ಸಗಣಿ ಕಲೆಸಿದ ಲೇಪ. ಬಿಸಿಗೆ ಬಿರಿಯದೆ ತಾಳಿಕೊಳ್ಳಲಿ ಎಂದು. ಆ ಲೇಪವೂ ಇಟ್ಟಿಗೆಯೂ ಹೊಗೆಯ ಉಪ್ಪನ್ನು ಹೀರಿಕೊಂಡಿವೆ. ಉಪ್ಪಿನ ಗುಣವೇ ಗಾಳಿಯ ತೇವವನ್ನು ಎಳೆದುಕೊಳ್ಳುವುದು. ಮಾಡಿನ ಮೇಲೆ ನಿಂತ ಚಿಮಣಿ ನಾಲ್ಕೂ ಕಡೆಯಿಂದ ಮಳೆ ಕುಡಿಯುತ್ತದೆ. ಹಿಂದೆ ನಿತ್ಯದ ಬೆಂಕಿ ಅದನ್ನು ಒಣಗಿಸುತ್ತಿತ್ತು. ಆಮೇಲೆ ಆ ಕೆಲಸ ನಾಳದಲ್ಲಿ ಹರಿಯುವ ಗಾಳಿಯದಾಯಿತು. ಎರಡೂ ತುದಿ ಬಿಗಿದಾಗ ತೇವಕ್ಕೆ ಉಳಿಯುವ ದಾರಿ ಕೋಣೆಯ ಪ್ಲಾಸ್ಟರ್ ಮಾತ್ರ. ಹೊರಬರುವಾಗ ಅದು ಉಪ್ಪನ್ನೂ ಮಸಿಯ ಬಣ್ಣವನ್ನೂ ಜೊತೆಗೆ ತರುತ್ತದೆ. ಮಾಡಿನ ಮೇಲೂ ಕೇಡು ಮುಂದುವರಿಯುತ್ತದೆ. ಮಳೆ ಹೊಡೆಯುವ ಮಗ್ಗುಲಿನಲ್ಲಿ ಗಂಧಕದ ಲವಣಗಳು ಗಾರೆಯೊಂದಿಗೆ ಬೆರೆತು ಅದನ್ನು ಉಬ್ಬಿಸುತ್ತವೆ. ಒಂದು ಬದಿ ಮಾತ್ರ ಉಬ್ಬಿದ ಹಳೆಯ ಚಿಮಣಿ ಇನ್ನೊಂದು ಬದಿಗೆ ವಾಲುತ್ತದೆ.

ಹೀಗಾಗಿ ಇಲ್ಲಿ ಮಾಡಬೇಕಾದದ್ದು ಒಂದು ಬಗೆಯ ರಾಜಿ. ಬೆಚ್ಚನೆಯ ಗಾಳಿ ಧಾರಾಳವಾಗಿ ಸೋರಬಾರದು, ತೇವ ಮಾತ್ರ ನಿಧಾನವಾಗಿ ಹೊರಹೋಗುತ್ತಿರಬೇಕು. ಮೇಲೆ ಮಳೆ ತಡೆಯುವ, ಬದಿಯಿಂದ ಗಾಳಿಯಾಡುವ ಟೊಪ್ಪಿ. ಕೆಳಗೆ ಬಿಗಿಯಾದರೂ ಅಲ್ಪಸ್ವಲ್ಪ ಉಸಿರಾಡುವ ಬಿರಡೆ. ಟೊಪ್ಪಿ ಸುಟ್ಟ ಮಣ್ಣಿನದೋ ಲೋಹದ್ದೋ ಆಗಿರಬಹುದು, ಹಕ್ಕಿ ಬಾರದಂತೆ ಜಾಲರಿಯಿರಬೇಕು. ಅಗ್ಗಿಷ್ಟಿಕೆಯ ಬಾಯಿಯನ್ನೇ ಇಟ್ಟಿಗೆಯಿಂದಲೋ ಹಲಗೆಯಿಂದಲೋ ಕಟ್ಟುವುದಾದರೆ ಅದರಲ್ಲಿ ಒಂದಿಟ್ಟಿಗೆ ಗಾತ್ರದ ಗಾಳಿಕಿಂಡಿ ಬಿಡುತ್ತಾರೆ. ಅಧಿಕೃತ ಲೆಕ್ಕವಿಧಾನ ಮುಚ್ಚಿದ ಚಿಮಣಿಗೂ ಗಂಟೆಗೆ 20 ಘನ ಮೀಟರ್ ಎಂದು ಎಣಿಸುತ್ತದೆ, ಸೊನ್ನೆ ಎಂದಲ್ಲ. 80 ಇದ್ದದ್ದು 20ಕ್ಕೆ ಇಳಿದರೂ ಮೇಲಿನ ಲೆಕ್ಕದಲ್ಲಿ 300 ವ್ಯಾಟ್ ಉಳಿತಾಯ. ಕೊನೆಯ 100 ವ್ಯಾಟ್‌ಗೆ ಆಸೆಪಟ್ಟರೆ ಗೋಡೆಯನ್ನೇ ಬಲಿಕೊಡಬೇಕಾದೀತು.

ಕೆಳಗಿನ ಬಿರಡೆಗೆ ಎರಡು ಬಗೆ ಹೆಚ್ಚು ಚಾಲ್ತಿಯಲ್ಲಿವೆ. ಒಂದು, ಊದಿ ಉಬ್ಬಿಸುವ ಪ್ಲಾಸ್ಟಿಕ್ ಚೀಲ. ನಾಳದ ಕಂಠದಲ್ಲಿಟ್ಟು ಊದಿದರೆ ಅಂಚಿಗೆ ಒತ್ತಿ ಕೂರುತ್ತದೆ. ಅಂಕುಡೊಂಕಿನ ಕಂಠಕ್ಕೂ ಹೊಂದಿಕೊಳ್ಳುತ್ತದೆ, ಆದರೆ ಚೂಪು ಗಾರೆ ತಗುಲಿದರೆ ತೂತು ಬೀಳಬಹುದು. ಇನ್ನೊಂದು, ಕುರಿಯ ಉಣ್ಣೆಯನ್ನು ಒತ್ತಿ ಮಾಡಿದ ದಪ್ಪ ಬಿಲ್ಲೆ, ಹಿಡಿಯಲು ಒಂದು ಕೋಲು. ಇಂಗ್ಲೆಂಡಿನ ವಾಯವ್ಯದ ಲೇಕ್ ಡಿಸ್ಟ್ರಿಕ್ಟ್ ಗುಡ್ಡಗಳಲ್ಲಿ ಮೇಯುವ ಹರ್ಡ್‌ವಿಕ್ ಕುರಿಯ ಬೂದು ಉಣ್ಣೆ ಬಲು ಒರಟು. ಮೈಗೆ ಚುಚ್ಚುವ ಅದಕ್ಕೆ ಬಟ್ಟೆಯ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ, ಚಿಮಣಿಗೆ ಮಾತ್ರ ಅದೇ ಹೇಳಿ ಮಾಡಿಸಿದ ವಸ್ತು. ಸುರುಳಿ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಅಲುಗದೆ ನಿಂತು ಶಾಖವನ್ನು ತಡೆಯುತ್ತದೆ. ಒತ್ತಿದರೆ ಕುಗ್ಗಿ, ಬಿಟ್ಟರೆ ಹಿಗ್ಗಿ, ಉಬ್ಬುತಗ್ಗಿನ ಇಟ್ಟಿಗೆಗೆ ಅಂಟಿ ಕೂರುತ್ತದೆ. ತನ್ನ ತೂಕದ ಮೂರನೇ ಒಂದರಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆಯೆನಿಸದು. ಹವೆ ಒಣಗಿದಾಗ ಅದನ್ನೇ ಮರಳಿ ಬಿಟ್ಟುಕೊಡುತ್ತದೆ. ಉಣ್ಣೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ಕರಗಿ ತೊಟ್ಟಿಕ್ಕುವುದೂ ಇಲ್ಲ. ಹಳೆ ಪತ್ರಿಕೆ, ದಿಂಬು ತುರುಕುವವರು ನೆನಪಿಡಬೇಕಾದ ಗುಣ ಇದು.

ಬಿರಡೆ ಗಾಳಿಯನ್ನು ತಡೆದೀತು, ಗೋಡೆಯ ತಂಪನ್ನು ತಡೆಯದು. ಅಗ್ಗಿಷ್ಟಿಕೆ ಹೊರಗೋಡೆಗೆ ಹೊಂದಿದ್ದರೆ ಅದರ ಹಿಂದೆ ತೆಳುವಾದ ಇಟ್ಟಿಗೆ, ಅದರಾಚೆ ಚಳಿ. ಇಲ್ಲಿ ಇಬ್ಬನಿಯ ಲೆಕ್ಕ ಬರುತ್ತದೆ. 20 ಡಿಗ್ರಿಯ ಕೋಣೆಯಲ್ಲಿ ಶೇಕಡ 60ರ ಆರ್ದ್ರತೆಯಿದ್ದರೆ, 12 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈ ಮೇಲಾದರೂ ನೀರು ಹನಿಗಟ್ಟುತ್ತದೆ. ಅನ್ನ, ಸಾರು, ಬಟ್ಟೆ ಒಣಗಿಸುವುದು ಎಲ್ಲವೂ ಒಳಗೇ ನಡೆಯುವ ಮನೆಯಲ್ಲಿ ಆರ್ದ್ರತೆ ಅಷ್ಟು ಏರುವುದು ಸುಲಭ. ಪ್ಲಾಸ್ಟಿಕ್ ನೊರೆಹಲಗೆಯನ್ನು ಸಂದಿ ಬಿಟ್ಟು ಅಂಟಿಸಿದರೆ ಅದರ ಹಿಂದೆ ಸದ್ದಿಲ್ಲದೆ ಬೂಷ್ಟು ಬೆಳೆಯುತ್ತದೆ. ಹಳೆಯ ಗೋಡೆಗೆ ಮರದ ನಾರಿನ ಹಲಗೆ, ಸುಣ್ಣದ ಪ್ಲಾಸ್ಟರ್‌ನಂಥ, ತೇವ ದಾಟಲು ಬಿಡುವ ವಸ್ತುಗಳೇ ಒಗ್ಗುತ್ತವೆ.

ಇದೆಲ್ಲಕ್ಕೂ ಮೊದಲು ಆಗಬೇಕಾದ ಕೆಲಸಗಳಿವೆ. ಯಾವ ನಾಳ ಯಾವ ಕೋಣೆಯದೆಂದು ಗುರುತಿಸಬೇಕು. ಸಾಲುಮನೆಗಳಲ್ಲಿ ಒಂದೇ ಚಿಮಣಿಯಲ್ಲಿ ಪಕ್ಕದ ಮನೆಯ ನಾಳಗಳೂ ಇರುತ್ತವೆ, ನಡುವೆ ಇಟ್ಟಿಗೆಯ ತೆಳು ಅಡ್ಡಗೋಡೆ ಮಾತ್ರ. ತಪ್ಪಿ ಬಾಯ್ಲರಿನ ಅಥವಾ ನೆರೆಯವರ ಗ್ಯಾಸ್ ಒಲೆಯ ನಾಳಕ್ಕೆ ಟೊಪ್ಪಿ ಹಾಕಿದರೆ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಕೋಣೆಗೆ ಮರಳುತ್ತದೆ. ಹಾಗೆಯೇ ಮಸಿ ಕೆರೆಯಿಸಬೇಕು. ಉಪ್ಪಿನ ಮೂಲ ಅಷ್ಟರಮಟ್ಟಿಗೆ ಕಡಿಮೆಯಾದಂತೆ. ಹಕ್ಕಿಗೂಡನ್ನೂ ನೋಡಬೇಕು. ಜ್ಯಾಕ್‌ಡಾ ಎಂಬ ಚಿಕ್ಕ ಜಾತಿಯ ಕಾಗೆ ಕುಂಡದ ಬಾಯಿಯಿಂದ ಕಡ್ಡಿಗಳನ್ನು ಒಂದೊಂದಾಗಿ ಉದುರಿಸುತ್ತದೆ. ಯಾವುದೋ ಒಂದು ಅಡ್ಡ ಸಿಕ್ಕಿಕೊಳ್ಳುವವರೆಗೆ ಬಿಡುವುದಿಲ್ಲ. ಆಮೇಲೆ ಅದರ ಮೇಲೆ ಮೆದೆ ಒಟ್ಟುತ್ತದೆ. 1981ರ ವನ್ಯಜೀವಿ ಕಾಯ್ದೆಯಂತೆ ಮೊಟ್ಟೆ ಮರಿ ಇರುವ ಗೂಡನ್ನು ಕೀಳುವಂತಿಲ್ಲ. ಹಾಗಾಗಿ ಟೊಪ್ಪಿಯ ಕೆಲಸಕ್ಕೆ ಬೇಸಿಗೆ ಕಳೆದ ಮೇಲಿನ ದಿನಗಳೇ ಲೇಸು.

ಬ್ರಿಟಿಷರು ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲೂ ಅಗ್ಗಿಷ್ಟಿಕೆಯಿರುವ ಬಂಗಲೆ ಕಟ್ಟಿಸಿದ್ದರು. ಅಲ್ಲಿ ಲೆಕ್ಕವೇ ಬೇರೆ. ಮನೆಯನ್ನು ದಿನವಿಡೀ ಬಿಸಿಮಾಡುವ ವಾಡಿಕೆಯಿಲ್ಲ, ಹೆಂಚಿನ ಸಂದಿಯಲ್ಲೂ ಗಾಳಿಯಾಡುತ್ತದೆ. ಚಿಮಣಿಯಿಂದಾಗುವ ಶಾಖನಷ್ಟ ಗಣನೆಗೆ ಬಾರದು. ಜೂನ್ ಜುಲೈ ಮಳೆ ಒಳಗಿಳಿಯುವುದೇ ಅಲ್ಲಿನ ಚಿಂತೆ. ಆದ್ದರಿಂದ ಟೊಪ್ಪಿ ಮೊದಲು, ಬಿರಡೆ ಬೇಕಾದರೆ ಮಾತ್ರ.

ಉಣ್ಣೆಯಾಗಲಿ ಚೀಲವಾಗಲಿ, ಕಿತ್ತು ತೆಗೆಯಬಹುದಾದ ಬಿರಡೆಗೆ ಒಂದು ಹೆಚ್ಚಿನ ಅನುಕೂಲವಿದೆ. 2022ರಲ್ಲಿ ಯುರೋಪಿನಲ್ಲಿ ಅನಿಲದ ಬೆಲೆ ಏರಿದಾಗ ಸೌದೆ ಒಲೆಯತ್ತ ಮರಳಿ ನೋಡಿದವರು ಬಹಳ. ಇಂದು ಬೇಡವಾದ ನಾಳ ನಾಳೆ ಬೇಕಾಗಬಹುದು, ಮನೆಗೆ ಬೇರೆಯವರೂ ಬರಬಹುದು. ಆದ್ದರಿಂದ ಬಿರಡೆಯ ಕೋಲಿಗೆ ಎದ್ದು ಕಾಣುವ ಕೆಂಪು ಚೀಟಿಯೊಂದನ್ನು ಕಟ್ಟಿ, ‘ನಾಳ ಮುಚ್ಚಿದೆ, ಬೆಂಕಿ ಹಾಕಬೇಡಿ’ ಎಂದು ಆ ಮನೆಯ ಎಲ್ಲರಿಗೂ ಓದಲು ಬರುವ ಭಾಷೆಯಲ್ಲಿ ಬರೆದಿಡಬೇಕು. ಇಡೀ ಕೆಲಸದಲ್ಲಿ ಅತ್ಯಂತ ಅಗ್ಗದ ಭಾಗ ಇದು, ಜೀವ ಉಳಿಸುವ ಭಾಗವೂ ಇದೇ.