ಸೋಂಕು ದಾಟುವ ದಾರಿ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯಲ್ಲಿ ಕಡಕೊಳ ಕಳೆದ ಮೇಲೆ ಸಿಗುವ ಊರು ತಾಂಡವಪುರ. ಅಲ್ಲಿಂದ ನಂಜನಗೂಡಿನವರೆಗೆ ರಸ್ತೆಯ ಆಚೀಚೆ ಕಾರ್ಖಾನೆಗಳು. ಸುತ್ತಲಿನ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಒಲೆ ಉರಿಯುವುದು ಇವುಗಳ ಪಾಳಿ ಕೆಲಸದಿಂದ. 2020ರ ಮಾರ್ಚ್ ಕೊನೆಯ ವಾರ ನಂಜನಗೂಡಿನ ಜುಬಿಲಂಟ್ ಔಷಧ ಕಾರ್ಖಾನೆಯ ನೌಕರರೊಬ್ಬರಿಗೆ ಕೋವಿಡ್ ಇರುವುದು ಖಚಿತವಾಯಿತು. ಅವರು ವಿದೇಶಕ್ಕೆ ಹೋಗಿಬಂದವರಲ್ಲ. ಏಪ್ರಿಲ್ ಮುಗಿಯುವ ಹೊತ್ತಿಗೆ ಆ ಕಾರ್ಖಾನೆಯ ಕೊಂಡಿಗೆ ಸೇರಿದ ಸೋಂಕಿತರು 70 ದಾಟಿದ್ದರು. ಇಡೀ ರಾಜ್ಯ ಆಗ ಒಂದೇ ಪ್ರಶ್ನೆಯ ಹಿಂದೆ ಬಿತ್ತು: ಇದು ಎಲ್ಲಿಂದ ಬಂತು? ಚೀನಾದಿಂದ ಬಂದ ಕಚ್ಚಾವಸ್ತುವಿನ ಮೇಲೆ ಅನುಮಾನ ಹುಟ್ಟಿ ಮಾದರಿಗಳು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಹೋದವು. ಅಲ್ಲಿ ವೈರಾಣು ಸಿಗಲಿಲ್ಲ. ಹಿರಿಯ ಅಧಿಕಾರಿಯೊಬ್ಬರನ್ನು ತನಿಖೆಗೆ ನೇಮಿಸಿದರು, ಹೊರಗಿನಿಂದ ಬಂದುಹೋದವರ ಮಾತು ಎದ್ದಿತು, ರಾಜಕಾರಣಿಗಳು ಪರಸ್ಪರ ಬೆರಳು ತೋರಿದರು. ಮೂಲ ಕೊನೆಗೂ ನಿರ್ವಿವಾದವಾಗಿ ಗೊತ್ತಾಗಲಿಲ್ಲ. ಅಷ್ಟರಲ್ಲಿ ಸರಪಳಿ ಮಾತ್ರ ಕಡಿದುಹೋಗಿತ್ತು. ಸಾವಿರಕ್ಕೂ ಹೆಚ್ಚು ನೌಕರರನ್ನು ಪ್ರತ್ಯೇಕವಾಗಿರಿಸಿ, ಅವರ ಮನೆಯವರನ್ನು ಪತ್ತೆಹಚ್ಚಿ ಪರೀಕ್ಷಿಸಿದ ಮೇಲೆ, ಮೇ ತಿಂಗಳ ನಡುವಿನಲ್ಲಿ ಜಿಲ್ಲೆಯ ಆಸ್ಪತ್ರೆಯಲ್ಲಿದ್ದ ಸೋಂಕಿತರೆಲ್ಲ ಗುಣವಾಗಿ ಮನೆಗೆ ಹೋದರು. ಲಾಕ್‌ಡೌನಿನ ಪಾಲೂ ಇದರಲ್ಲಿತ್ತು, ನಿಜ. ಅದು ಮಾಡಿದ್ದೂ ದಾರಿ ಮುಚ್ಚುವ ಕೆಲಸವನ್ನೇ.

ಆಸ್ಪತ್ರೆಯೊಳಗಿನ ಸೋಂಕಿನ ವಿಷಯದಲ್ಲೂ ನಾವು ಕೇಳುತ್ತಿರುವುದು ಇದೇ ತಪ್ಪು ಪ್ರಶ್ನೆಯನ್ನು ಎಂಬುದು ಈ ಲೇಖನದ ವಾದ. ಹೊಲಿಗೆ ಹಾಕಿದ ಗಾಯ ಕೀವುಗಟ್ಟಿದರೆ, ಹೆರಿಗೆಗೆ ಹೋದ ತಾಯಿಗೆ ನಂಜೇರಿದರೆ, ಮೊದಲು ಹುಡುಕುವುದು ಯಾರ ತಪ್ಪು, ಯಾರಿಂದ ಬಂತು ಎಂದು. ಉತ್ತರವಾಗಿ ಒಬ್ಬ ನರ್ಸ್ ಅಮಾನತಾಗುತ್ತಾರೆ. ಸೋಂಕು ಒಂದು ದೇಹದಿಂದ ಇನ್ನೊಂದಕ್ಕೆ ದಾಟಿದ ಸೇತುವೆ ಯಾವುದು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ; ಸೇತುವೆಯೂ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ವರದಿಯ ಪ್ರಕಾರ, ಆಸ್ಪತ್ರೆಗೆ ಸೇರಿದ ಪ್ರತಿ 100 ರೋಗಿಗಳಲ್ಲಿ ಶ್ರೀಮಂತ ದೇಶಗಳಲ್ಲಿ 7 ಮಂದಿಗೆ, ನಮ್ಮಂಥ ದೇಶಗಳಲ್ಲಿ 15 ಮಂದಿಗೆ ಒಳಗೆ ಬಂದ ಮೇಲೆ ಒಂದಾದರೂ ಹೊಸ ಸೋಂಕು ತಗಲುತ್ತದೆ. ಹೀಗೆ ತಗಲಿಸಿಕೊಂಡ ಹತ್ತರಲ್ಲಿ ಒಬ್ಬರು ಸಾಯುತ್ತಾರೆ. ಇಷ್ಟು ದೊಡ್ಡ ಸಂಖ್ಯೆಯನ್ನು ಬಿಡಿ ವ್ಯಕ್ತಿಗಳ ಸೋಮಾರಿತನದಿಂದ ವಿವರಿಸಲಾಗದು. ನಮ್ಮ ಮಡಿ-ಮೈಲಿಗೆಯ ಅಭ್ಯಾಸ ಸ್ವಚ್ಛತೆಯ ಹಾಗೆಯೇ ಕಂಡರೂ ಅದು ಲೆಕ್ಕ ಹಾಕುತ್ತಿದ್ದುದು ಯಾರು ಮುಟ್ಟಿದರು ಎಂಬುದನ್ನು. ಬ್ಯಾಕ್ಟೀರಿಯಕ್ಕೆ ಕೈ ಯಾರದಾದರೂ ಒಂದೇ. ಆಧುನಿಕ ಸೋಂಕು ನಿಯಂತ್ರಣದ ಬುನಾದಿಯೂ ಇಲ್ಲಿಯೇ ಇದೆ. ಎಚ್‌ಐವಿಯ ಭೀತಿ ಹರಡಿದ್ದ 1980ರ ದಶಕದಲ್ಲಿ, ಯಾರ ರಕ್ತದಲ್ಲಿ ಏನಿದೆಯೆಂದು ಕಂಡುಹಿಡಿದು ಜಾಗ್ರತೆ ವಹಿಸುತ್ತೇವೆ ಎಂಬುದು ಸಾಧ್ಯವಿಲ್ಲದ ಮಾತೆಂದು ವೈದ್ಯಲೋಕಕ್ಕೆ ಅರ್ಥವಾಯಿತು. ಪ್ರತಿಯೊಬ್ಬ ರೋಗಿಯ ರಕ್ತವನ್ನೂ ದೇಹದ್ರವವನ್ನೂ ಸೋಂಕುಳ್ಳದ್ದೆಂದೇ ಭಾವಿಸಿ ನಡೆದುಕೊಳ್ಳಬೇಕು ಎಂಬ ನಿಯಮ ಆಗ ಬಂತು. ಮೂಲ ಯಾವುದೆಂದು ತಿಳಿಯದೆಯೇ ದಾರಿ ಮುಚ್ಚುವ ವಿದ್ಯೆ ಅದು.

ಇದಕ್ಕೆ ಗಟ್ಟಿ ಪುರಾವೆ ಇದೇ ಹೆದ್ದಾರಿಯ ಇನ್ನೊಂದು ತುದಿಯಲ್ಲಿದೆ. ರಾಷ್ಟ್ರೀಯ ಹೆದ್ದಾರಿ 766 ಕೊಳ್ಳೇಗಾಲದಿಂದ ತಿರುಮಕೂಡಲು ನರಸೀಪುರ, ಮೈಸೂರು, ನಂಜನಗೂಡು, ಗುಂಡ್ಲುಪೇಟೆಗಳನ್ನು ಹಾದು ಘಟ್ಟ ಇಳಿದು ಕೋಳಿಕ್ಕೋಡ್ ಮುಟ್ಟುತ್ತದೆ. 2018ರ ಮೇ ತಿಂಗಳಲ್ಲಿ ಕೋಳಿಕ್ಕೋಡ್ ಜಿಲ್ಲೆಯ ಪೇರಾಂಬ್ರದಲ್ಲಿ ಯುವಕನೊಬ್ಬನಲ್ಲಿ ನಿಪಾ ವೈರಾಣುವಿನ ಸೋಂಕು ಕಾಣಿಸಿಕೊಂಡಿತು, ಬಹುಶಃ ಬಾವಲಿಯಿಂದ ಬಂದದ್ದು. ಅವನನ್ನು ಮೊದಲು ತಾಲ್ಲೂಕು ಆಸ್ಪತ್ರೆಗೆ, ನಂತರ ಕೋಳಿಕ್ಕೋಡ್ ವೈದ್ಯಕೀಯ ಕಾಲೇಜಿಗೆ ಒಯ್ದರು. ಆಮೇಲೆ ವಿಜ್ಞಾನಿಗಳು ಒಟ್ಟು 23 ಪ್ರಕರಣಗಳನ್ನು ಜೋಡಿಸಿ ನೋಡಿದಾಗ ಬಾವಲಿಯ ಪಾಲಿಗೆ ಬಂದದ್ದು ಮೊದಲನೆಯದು ಮಾತ್ರ. ಉಳಿದವರಿಗೆಲ್ಲ ಮನುಷ್ಯರಿಂದಲೇ ದಾಟಿತ್ತು, ಬಹುಪಾಲು ಆಸ್ಪತ್ರೆಗಳ ಒಳಗೆ. ಒಂದೇ ವಾರ್ಡಿನಲ್ಲಿದ್ದವರು, ಸ್ಕ್ಯಾನಿಂಗ್ ಕೋಣೆಯ ಹೊರಗಿನ ಓಣಿಯಲ್ಲಿ ಸರದಿಗೆ ಕಾಯುತ್ತಿದ್ದವರು, ರೋಗಿಗಳ ಜೊತೆಗಿದ್ದ ಬಂಧುಗಳು, ಪೇರಾಂಬ್ರದಲ್ಲಿ ಆರೈಕೆ ಮಾಡಿದ ನರ್ಸ್ ಲಿನಿ. 21 ಮಂದಿ ಸತ್ತರು. ಮರುವರ್ಷ ಎರ್ನಾಕುಳಂನಲ್ಲಿ ಮತ್ತೊಬ್ಬ ಯುವಕನಿಗೆ ನಿಪಾ ಬಂತು. ವೈರಾಣು ಅದೇ, ಬಾವಲಿಗಳೂ ಅವೇ. ಅವನ ಸಂಪರ್ಕಕ್ಕೆ ಬಂದವರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ. 2021ರಲ್ಲಿ ಕೋಳಿಕ್ಕೋಡಿನ 12 ವರ್ಷದ ಬಾಲಕ ನಿಪಾದಿಂದ ತೀರಿಕೊಂಡಾಗಲೂ ಇನ್ನೊಬ್ಬರಿಗೆ ದಾಟಲಿಲ್ಲ. 2023ರಲ್ಲಿ ಮತ್ತೆ ದಾಟಿತು: ಮೊದಲ ರೋಗಿ ಬದುಕಿದ್ದಾಗ ಅದು ನಿಪಾ ಎಂದು ಯಾರಿಗೂ ಹೊಳೆದಿರಲಿಲ್ಲ, ಒಟ್ಟು 6 ಪ್ರಕರಣಗಳಾದವು, ಅವರಲ್ಲಿ ಒಬ್ಬರು ಆಸ್ಪತ್ರೆಯ ಸಿಬ್ಬಂದಿ. ರೋಗಿಯ ಕೆಮ್ಮಿನ ತೀವ್ರತೆಯಂಥ ಬೇರೆ ಕಾರಣಗಳೂ ಇದರಲ್ಲಿ ಸೇರಿರಬಹುದು, ಒಪ್ಪೋಣ. ಆದರೆ 2018 ಮತ್ತು 2023ರ ಸಮಾನ ಅಂಶವನ್ನು ಮರೆಯುವಂತಿಲ್ಲ. ರೋಗದ ಹೆಸರು ಗೊತ್ತಾಗುವ ಮೊದಲಿನ ದಿನಗಳಲ್ಲೇ ಅದು ದಾಟಿಬಿಟ್ಟಿತ್ತು. ಹೆಸರು ತಿಳಿದ ಮೇಲೆ ಎಚ್ಚರ ವಹಿಸುವುದು ಯಾವ ಆಸ್ಪತ್ರೆಗೂ ಬರುತ್ತದೆ. ಕೆಮ್ಮುವ ಯಾವ ರೋಗಿಗೂ ಮಾಸ್ಕ್ ಕೊಟ್ಟು, ಜನಸಂದಣಿಯ ಓಣಿಯಿಂದ ಬೇರೆ ಕಡೆ ಕೂರಿಸುವ ನಿತ್ಯದ ರೂಢಿಯಿರುವಲ್ಲಿ ಮಾತ್ರ ಹೆಸರಿಲ್ಲದ ರೋಗಕ್ಕೂ ತಡೆಯಿರುತ್ತದೆ.

ದಾಟುವ ದಾರಿಗಳಲ್ಲಿ ಅತ್ಯಂತ ಹಳೆಯದು ಕೈ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಸ್ ಸೆಮ್ಮೆಲ್‌ವೈಸ್ ವೈದ್ಯರ ಕೈಗಳನ್ನು ಕ್ಲೋರಿನ್ ದ್ರಾವಣದಲ್ಲಿ ತೊಳೆಸಿ, ನೂರಕ್ಕೆ 18ರ ಹತ್ತಿರವಿದ್ದ ಬಾಣಂತಿಯರ ಸಾವನ್ನು ಕೆಲವೇ ತಿಂಗಳಲ್ಲಿ 2ರ ಆಸುಪಾಸಿಗೆ ಇಳಿಸಿದ ಕಥೆ ಪಠ್ಯಪುಸ್ತಕದ ಸರಕು. ಆ ಕಥೆಯಿಂದ ಕೈ ತೊಳೆಯದವನು ಪಾಪಿ ಎಂಬ ನೀತಿಯನ್ನಷ್ಟೇ ಹೆಕ್ಕಿದ್ದೇವೆ. ಕೈ ತೊಳೆಯಿರಿ ಎಂಬ ಫಲಕ ಇಲ್ಲದ ಆಸ್ಪತ್ರೆ ಇಂದು ಇಲ್ಲ. ಫಲಕದ ಕೆಳಗೆ ನಲ್ಲಿ, ನಲ್ಲಿಯಲ್ಲಿ ನೀರು, ಪಕ್ಕದಲ್ಲಿ ಸೋಪು ಇರುವುದು ಬೇರೆ ಮಾತು. ಸಿಬ್ಬಂದಿಗೆ ಶಿಸ್ತಿಲ್ಲ, ಬಿಗಿ ಮಾಡಿದರೆ ಸರಿಹೋಗುತ್ತದೆ ಎನ್ನುವವರಿಗೆ 1997ರಲ್ಲಿ ಆಂಡ್ರಿಯಾಸ್ ಫೋಸ್ ಮತ್ತು ಆಂಡ್ರಿಯಾಸ್ ವಿಡ್ಮರ್ ಒಂದು ಲೆಕ್ಕ ಮಾಡಿ ತೋರಿಸಿದರು. ತೀವ್ರ ನಿಗಾ ಘಟಕವೊಂದರಲ್ಲಿ 12 ಮಂದಿ ಸಿಬ್ಬಂದಿ ನಿಯಮದಲ್ಲಿ ಹೇಳಿದ ಪ್ರತಿ ಸಲವೂ ಸಿಂಕಿಗೆ ಹೋಗಿ ಸೋಪಿನಲ್ಲಿ ಕೈ ತೊಳೆದರೆ ಒಂದೇ ಪಾಳಿಯಲ್ಲಿ ಒಟ್ಟು 16 ಗಂಟೆಗಳ ದುಡಿಮೆ ಅದಕ್ಕೇ ಖರ್ಚಾಗುತ್ತದೆ. ಹಾಸಿಗೆಯ ಪಕ್ಕದಲ್ಲೇ ಸ್ಪಿರಿಟ್ಟಿನ ದ್ರಾವಣವಿದ್ದರೆ ಸಾಕಾಗುವುದು 3 ಗಂಟೆ. ಜಿನೀವಾದಲ್ಲಿ ಡಿಡಿಯೆ ಪಿಟೆ ಮತ್ತು ಸಂಗಡಿಗರು ಇದನ್ನೇ ಕಾರ್ಯರೂಪಕ್ಕೆ ತಂದರು. ಬಾಟಲಿಯನ್ನು ಹಾಸಿಗೆಯ ಬಳಿಗೇ ತಂದು, ಜೊತೆಗೆ ಪ್ರಚಾರ ನಡೆಸಿ ನೋಡಿದಾಗ ಕೆಲವೇ ವರ್ಷಗಳಲ್ಲಿ ಕೈ ಶುಚಿಯ ಪಾಲನೆ ನೂರಕ್ಕೆ 48ರಿಂದ 66ಕ್ಕೆ ಏರಿತು. ಆಸ್ಪತ್ರೆಯ ಸೋಂಕು ನೂರಕ್ಕೆ 16.9ರಿಂದ 9.9ಕ್ಕೆ ಇಳಿಯಿತು. ಅವರ ಅಧ್ಯಯನದಲ್ಲಿ ಕೆಲಸದ ಒತ್ತಡ ಹೆಚ್ಚಿದಷ್ಟೂ ಪಾಲನೆ ಕುಸಿಯಿತು, ನರ್ಸುಗಳಿಗಿಂತ ವೈದ್ಯರೇ ಹಿಂದಿದ್ದರು. ಅಮಾನತು ಆದೇಶಗಳು ಯಾರ ಹೆಸರಿಗೆ ಹೊರಡುತ್ತವೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು.

ಗಾಳಿಯ ದಾರಿ ಕಣ್ಣಿಗೆ ಕಾಣದ್ದರಿಂದ ಇನ್ನಷ್ಟು ಅಲಕ್ಷ್ಯಕ್ಕೆ ಒಳಗಾಗಿದೆ. ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿ ಕ್ಷಯರೋಗಿಗಳಿಗಾಗಿ 1921ರಲ್ಲಿ ಆರಂಭವಾದ ಆರೋಗ್ಯಧಾಮವಿದೆ. ಕ್ಷಯದಿಂದಲೇ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರು ಹೊತ್ತದ್ದು. ಕ್ಷಯಕ್ಕೆ ಮೊದಲ ಔಷಧವಾದ ಸ್ಟ್ರೆಪ್ಟೊಮೈಸಿನ್ ಬರಲು ಇನ್ನೂ ಎರಡು ದಶಕ ಬಾಕಿಯಿದ್ದ ಆ ಕಾಲದಲ್ಲಿ ಇಂಥ ಧಾಮಗಳ ಬಳಿಯಿದ್ದುದು ವಿಶ್ರಾಂತಿ, ಊಟ ಮತ್ತು ಗಾಳಿ. ಅಂದಿನವರು ಗಾಳಿಯೇ ರೋಗ ವಾಸಿ ಮಾಡುತ್ತದೆಂದು ನಂಬಿದ್ದರು. ಆ ನಂಬಿಕೆ ಅಷ್ಟಾಗಿ ನಿಲ್ಲಲಿಲ್ಲ. ಆದರೆ ಅವರಿಗೆ ತಿಳಿಯದೆಯೇ ಇನ್ನೊಂದು ಲಾಭವಾಗುತ್ತಿತ್ತು: ರೋಗಾಣು ಬೆರೆತ ಗಾಳಿ ಹೊರಗೆ ಹೋಗುತ್ತಿತ್ತು. ಪೆರು ದೇಶದ ಲಿಮಾ ನಗರದ ಆಸ್ಪತ್ರೆಗಳಲ್ಲಿ ರಾಡ್ ಎಸ್ಕೋಂಬ್ ತಂಡ ಅಳೆದು 2007ರಲ್ಲಿ ಪ್ರಕಟಿಸಿದ ಅಧ್ಯಯನ ಅದನ್ನು ತೋರಿಸಿತು. ಕಿಟಕಿ ಬಾಗಿಲು ತೆರೆದಿಟ್ಟ ಕೋಣೆಗಳಲ್ಲಿ ಗಂಟೆಗೆ ಸುಮಾರು 28 ಸಲ ಗಾಳಿ ಬದಲಾಗುತ್ತಿತ್ತು. ಯಂತ್ರದಿಂದ ಗಾಳಿ ಹಾಯಿಸುವ ಪ್ರತ್ಯೇಕ ಕೊಠಡಿಗಳಿಗೆ ನಿಗದಿಯಾದದ್ದು 12. ಎತ್ತರದ ಸೂರು, ದೊಡ್ಡ ಕಿಟಕಿಗಳ ಹಳೆಯ ಕಟ್ಟಡಗಳಲ್ಲಿ ಈ ಸಂಖ್ಯೆ 40, ತಗ್ಗು ಸೂರಿನ ಹೊಸವುಗಳಲ್ಲಿ 17. ಹವಾನಿಯಂತ್ರಿತ ಗಾಜಿನ ಪೆಟ್ಟಿಗೆಯೇ ಒಳ್ಳೆಯ ಆಸ್ಪತ್ರೆ ಎಂಬ ಇಂದಿನ ಅಭಿರುಚಿಗೆ ಇದು ಮುಜುಗರದ ಸಂಗತಿ. ಹೊರರೋಗಿ ವಿಭಾಗದ ಕಾಯುವ ಜಾಗವನ್ನು ಜಗಲಿಯ ಹಾಗೆ ತೆರೆದು ಕಟ್ಟುವುದಕ್ಕೆ ನಮ್ಮ ಹವೆಯಲ್ಲಿ ಅಡ್ಡಿಯೇನೂ ಇಲ್ಲ. ಮಳೆಗಾಲದ ಎರಚಲು, ಸೊಳ್ಳೆ, ರಾತ್ರಿಯ ಚಳಿ ಇವೆ. ಜಾಲರಿ, ಚಾಚಿದ ಸೂರು ಅದಕ್ಕಾಗಿಯೇ ಇರುವುದು.

ಈ ವಾದಕ್ಕೆ ಬರಬಹುದಾದ ಅತಿ ಗಂಭೀರ ಆಕ್ಷೇಪ ಕರ್ನಾಟಕದ ಎರಡು ದುರಂತಗಳಿಂದಲೇ ಹುಟ್ಟುತ್ತದೆ. 2019ರ ಜುಲೈ 9ರಂದು ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಯಲ್ಲಿ ಪೊರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಕಣ್ಣಿನೊಳಗೆ ಸೋಂಕಾಗಿ, ಹಲವರು ಆ ಕಣ್ಣಿನ ದೃಷ್ಟಿಯನ್ನೇ ಕಳೆದುಕೊಂಡರು. ಶಸ್ತ್ರಚಿಕಿತ್ಸೆಯಲ್ಲಿ ಬಳಸಿದ ಜೆಲ್ಲಿನಲ್ಲೇ ಸ್ಯೂಡೊಮೊನಾಸ್ ಬ್ಯಾಕ್ಟೀರಿಯ ಇತ್ತೆಂದು ವರದಿಯಾಯಿತು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಐವರು ತಾಯಂದಿರು ಕೆಲವೇ ದಿನ, ವಾರಗಳ ಅಂತರದಲ್ಲಿ ತೀರಿಕೊಂಡರು. ಅವರ ರಕ್ತನಾಳಕ್ಕೆ ಏರಿಸಿದ ರಿಂಗರ್ಸ್ ಲ್ಯಾಕ್ಟೇಟ್ ದ್ರವದ ಮೇಲೆ ಅನುಮಾನ ಬಿದ್ದು ಸರ್ಕಾರ ಅದರ ಬಳಕೆಯನ್ನು ತಡೆಹಿಡಿಯಿತು. ಇಲ್ಲೆಲ್ಲ ಮೂಲವೇ ಮುಖ್ಯವಲ್ಲವೆ, ಬಾಟಲಿಯೊಳಗೇ ನಂಜಿದ್ದರೆ ನರ್ಸ್ ಎಷ್ಟು ಸಲ ಕೈ ತೊಳೆದು ಏನು ಫಲ? ಮಾತು ನ್ಯಾಯವಾದದ್ದೇ. ತಯಾರಕನ ಮೇಲೆ ಕಾನೂನಿನ ಕ್ರಮ, ಔಷಧ ಪರೀಕ್ಷೆಯ ಬಿಗಿ ಎರಡೂ ಬೇಕು, ಅದನ್ನು ಯಾವ ತಾಲ್ಲೂಕು ಆಸ್ಪತ್ರೆಯೂ ತಾನೇ ಮಾಡಲಾರದು. ಆದರೆ ಕೆಟ್ಟ ಬಾಟಲಿ ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ಎಷ್ಟು ಮಂದಿಯ ರಕ್ತನಾಳ ಸೇರುತ್ತದೆ ಎಂಬುದು ಒಳಗಿನ ವ್ಯವಸ್ಥೆಗೆ ಬಿಟ್ಟದ್ದು. ಯಾವ ರೋಗಿಗೆ ಯಾವ ಬ್ಯಾಚಿನ ದ್ರವ ಹೋಯಿತು ಎಂದು ಕೇಸ್ ಶೀಟಿನಲ್ಲಿ ಬರೆದಿದ್ದರೆ, ಎರಡನೆಯ ರೋಗಿಗೆ ಅದೇ ಲಕ್ಷಣ ಕಂಡ ಕೂಡಲೇ ಇಬ್ಬರ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಜವಾಬ್ದಾರಿ ಒಬ್ಬರಿಗೆ ವಹಿಸಿದ್ದರೆ, ಮೂರನೆಯವರಿಗೆ ಅದು ಮುಟ್ಟದಂತೆ ತಡೆಯಲು ಅವಕಾಶವಿರುತ್ತದೆ. ಮೂಲವನ್ನು ಬೇಗ ಹಿಡಿಯುವುದೂ ದಾಟಿದ ದಾರಿಯ ಲೆಕ್ಕ ಇಟ್ಟವರಿಗೇ.

ದುಡ್ಡಿಲ್ಲ ಎಂಬುದು ಎರಡನೆಯ ಆಕ್ಷೇಪ. ಕೈಗೆ ಹಚ್ಚುವ ದ್ರಾವಣದ ಸೂತ್ರವನ್ನು ವಿಶ್ವ ಆರೋಗ್ಯ ಸಂಸ್ಥೆ ಬಹಿರಂಗವಾಗಿಯೇ ಕೊಟ್ಟಿದೆ: ನೂರಕ್ಕೆ 80 ಪಾಲು ಎಥನಾಲ್, ಚೂರು ಗ್ಲಿಸರಿನ್, ಇನ್ನೂ ಚೂರು ಹೈಡ್ರೊಜನ್ ಪೆರಾಕ್ಸೈಡ್, ಉಳಿದದ್ದು ಕಾಯಿಸಿ ಆರಿಸಿದ ನೀರು. ಕಬ್ಬು ಬೆಳೆಯುವ ಸೀಮೆಯಲ್ಲಿ ಎಥನಾಲ್ ಅಪರೂಪದ ವಸ್ತುವಲ್ಲ. ನಿಜವಾಗಿ ದುಬಾರಿಯಾದದ್ದು ಸಾಕಷ್ಟು ನರ್ಸುಗಳನ್ನು ನೇಮಿಸುವುದು, ಉಪಕರಣಗಳನ್ನು ಹಬೆಯಲ್ಲಿ ಶುದ್ಧಗೊಳಿಸುವ ಆಟೊಕ್ಲೇವ್ ಕೆಡದಂತೆ ನೋಡಿಕೊಳ್ಳುವುದು. ಅಲ್ಲಿ ಖರ್ಚು ಮಾಡಲೇಬೇಕು. ಖರ್ಚು ತಾನಾಗಿ ಕಡಿಮೆಯಾಗುವ ಜಾಗವೂ ಒಂದಿದೆ. ಜ್ವರವೆಂದು ಕ್ಲಿನಿಕ್ಕಿಗೆ ಹೋದವರು ಸೂಜಿ ಹಾಕದ ಡಾಕ್ಟರನ್ನು ನಂಬುವುದಿಲ್ಲ, ಸುಸ್ತೆಂದರೆ ಗ್ಲೂಕೋಸ್ ಏರಿಸಿಕೊಂಡೇ ಬರುತ್ತಾರೆ. ಬಾಯಿಂದ ಕುಡಿಯಬಲ್ಲವರಿಗೆ ಒಂದು ಬಾಟಲಿ ಗ್ಲೂಕೋಸ್ ಕೊಡುವುದು ಕೆಲವು ಚಮಚ ಸಕ್ಕರೆಯ ಬಲ. ಅದಕ್ಕಾಗಿ ತೆರೆಯುವುದು ಚರ್ಮದ ಗೋಡೆಯನ್ನು. ಬೇಡದ ಸೂಜಿ, ಬೇಡದ ಡ್ರಿಪ್, ಅಗತ್ಯ ತೀರಿದ ಮೇಲೂ ಉಳಿದ ಮೂತ್ರನಳಿಕೆ, ಇವೆಲ್ಲ ನಾವೇ ಅಗೆದು ಕೊಟ್ಟ ದಾರಿಗಳು. ಅಮೆರಿಕದ ಮಿಶಿಗನ್ ರಾಜ್ಯದ ನೂರಕ್ಕೂ ಹೆಚ್ಚು ನಿಗಾ ಘಟಕಗಳಲ್ಲಿ ಪೀಟರ್ ಪ್ರೊನೊವೊಸ್ಟ್ ತಂಡ ಜಾರಿಗೆ ತಂದ ಐದು ಸಾದಾ ಕ್ರಮಗಳಲ್ಲಿ ಬೇಡವಾದ ರಕ್ತನಾಳದ ನಳಿಕೆಯನ್ನು ಕೂಡಲೇ ತೆಗೆಯುವುದೂ ಒಂದಾಗಿತ್ತು. ನಳಿಕೆಯಿಂದಾಗುವ ರಕ್ತದ ಸೋಂಕು ಅಲ್ಲಿ ಮೂರನೇ ಎರಡರಷ್ಟು ಇಳಿದು ಒಂದೂವರೆ ವರ್ಷ ಕಳೆದರೂ ಹಾಗೇ ನಿಂತಿತು. ಗಟ್ಟಿ ಆಂಟಿಬಯಾಟಿಕ್ ಇರುವಾಗ ಇಷ್ಟೆಲ್ಲ ಏಕೆ ಎನ್ನುವವರು ಇಂದಿನ ನಿಗಾ ಘಟಕಗಳಲ್ಲಿ ಸಿಗುವ ಬ್ಯಾಕ್ಟೀರಿಯಗಳಾದ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್‌ಗಳ ಪರೀಕ್ಷಾ ವರದಿ ನೋಡಬೇಕು. ಕೊನೆಯ ಅಸ್ತ್ರವೆಂದು ಕಾದಿಟ್ಟ ಔಷಧಗಳ ಎದುರಿಗೂ ಅಲ್ಲಿ ನಿಷ್ಫಲ ಎಂಬ ಗುರುತೇ ಹೆಚ್ಚು.

ಇಷ್ಟಾದರೂ ನಂಜನಗೂಡಿನಂಥ ತಾಲ್ಲೂಕಿನಲ್ಲಿ ಹೆರಿಗೆಯ ಗಾಯಗಳಲ್ಲಿ ಎಷ್ಟು ಸೋಂಕಾಗುತ್ತವೆ ಎಂದು ತಿಳಿಯುವುದು ಕಷ್ಟ, ಏಕೆಂದರೆ ಲೆಕ್ಕ ಆಸ್ಪತ್ರೆಯ ಗೇಟಿನಲ್ಲೇ ಮುಗಿಯುತ್ತದೆ. ಶಸ್ತ್ರಚಿಕಿತ್ಸೆಯ ಗಾಯದ ಸೋಂಕನ್ನು 30 ದಿನದವರೆಗೆ ಗಮನಿಸಬೇಕೆಂಬುದು ಒಪ್ಪಿತ ಮಾನದಂಡ. ಸಿಸೇರಿಯನ್ ಆದ ತಾಯಿ ಅದಕ್ಕೆ ಬಹಳ ಮುಂಚೆಯೇ ಮಗುವಿನೊಂದಿಗೆ ಊರು ಸೇರುತ್ತಾಳೆ, ಹೊಲಿಗೆ ಸೋರಿದರೆ ಹತ್ತಿರದ ಕ್ಲಿನಿಕ್ಕಿನಲ್ಲಿ ಮಾತ್ರೆ ತೆಗೆದುಕೊಳ್ಳುತ್ತಾಳೆ, ಹೆರಿಗೆ ಮಾಡಿಸಿದ ಆಸ್ಪತ್ರೆಗೆ ಸುದ್ದಿಯೇ ಇರುವುದಿಲ್ಲ. ಆದರೆ ಆಶಾ ಕಾರ್ಯಕರ್ತೆಯರು ನವಜಾತ ಶಿಶುವಿನ ಆರೈಕೆಗೆಂದು ಹೆರಿಗೆಯ 3, 7, 14, 21, 28 ಮತ್ತು 42ನೆಯ ದಿನಗಳಂದು ಆ ಮನೆಗೆ ಹೋಗುವ ಪದ್ಧತಿ ಈಗಾಗಲೇ ಇದೆ. 30 ದಿನದೊಳಗೇ ಐದು ಭೇಟಿ. ಅವರ ನಮೂನೆಗೆ ಹೊಲಿಗೆ ಕೆಂಪಾಗಿದೆಯೆ, ಸೋರುತ್ತಿದೆಯೆ ಎಂಬ ಸಾಲು ಸೇರಿಸಿ, ಉತ್ತರ ಹೆರಿಗೆ ಮಾಡಿಸಿದ ಆಸ್ಪತ್ರೆಗೆ ವಾರವಾರವೂ ಮರಳುವಂತೆ ಮಾಡಬಹುದು. ಅದಕ್ಕೆ ಕಟ್ಟಡ ಬೇಡ, ಯಂತ್ರ ಬೇಡ. ಆಶಾ ಕಾರ್ಯಕರ್ತೆಗೆ ಆ ಹೆಚ್ಚುವರಿ ಕೆಲಸದ ಸಂಭಾವನೆಯನ್ನಂತೂ ಕೊಡಬೇಕು. ಜೊತೆಗೆ, ಸಂಖ್ಯೆ ಏರಿದ ವಾರ ಯಾರನ್ನೂ ಅಮಾನತು ಮಾಡುವುದಿಲ್ಲವೆಂದು ಆರೋಗ್ಯ ಇಲಾಖೆ ಮೊದಲೇ ಲಿಖಿತವಾಗಿ ಹೇಳಬೇಕು. ಇಲ್ಲದಿದ್ದರೆ ಆ ಕಾಲಮ್ಮಿನಲ್ಲಿ ತುಂಬಿ ಬರುವುದು ಬರೀ ಸೊನ್ನೆಗಳು.